ಹಬ್ಬದ ಒಂದು ದಿನದ ರಿಯಾಯಿತಿ ಮಾರಾಟ: ನಿರಾಶೆ ಎಲ್ಲಿ ಮುಗಿಯುತ್ತದೆ, ದೂರು ಎಲ್ಲಿ ಶುರುವಾಗುತ್ತದೆ?

(ಗ್ರಾಹಕ ಆಯೋಗಗಳ ಮುಂದೆ ವಾದಿಸುವ ವಕೀಲರೊಬ್ಬರು ನಮ್ಮ ಗುಂಪಿನ ಸದಸ್ಯರ ಪ್ರಶ್ನೆಗಳಿಗೆ ನೀಡಿದ ಉತ್ತರಗಳು)

ಪ್ರಶ್ನೆ: ಮೈಸೂರಿನ ಶಾಲಾ ಶಿಕ್ಷಕಿಯೊಬ್ಬರಿಂದ

ವಕೀಲರೇ, ನಮಸ್ಕಾರ. ಆಯುಧಪೂಜೆಯ ದಿನ ಒಂದು ಆನ್‌ಲೈನ್ ಮಾರಾಟ ತಾಣವು ಇಪ್ಪತ್ತನಾಲ್ಕು ಗಂಟೆಗಳ ರಿಯಾಯಿತಿ ಮಾರಾಟ ನಡೆಸಿತು. ನಮ್ಮ ಮನೆಯ ಟಿವಿ ಬಹಳ ಹಳೆಯದಾಗಿತ್ತು. ಹೊಸದನ್ನು ಹಬ್ಬದ ದಿನವೇ ಕೊಳ್ಳಬೇಕೆಂಬುದು ಅತ್ತೆಯವರ ಆಸೆ. ಪೂಜೆಗೆ ಮೊದಲೇ ಎದ್ದು ಕುಳಿತು 43 ಇಂಚಿನ ಟಿವಿಯೊಂದನ್ನು 18,999 ರೂಪಾಯಿಗೆ ಕಾರ್ಟ್‌ಗೆ ಹಾಕಿದೆ. ವಿಳಾಸ ತುಂಬಿ ಪಾವತಿಯ ಪುಟಕ್ಕೆ ಹೋಗುವಷ್ಟರಲ್ಲಿ ಬೆಲೆ 23,499 ಆಗಿತ್ತು, ಹಾಗಾಗಿ ಕೈಬಿಟ್ಟೆ. ಮಧ್ಯಾಹ್ನ ನೋಡಿದಾಗ ಅದೇ ಹಳೆಯ ಬೆಲೆ ಮತ್ತೆ ಕಂಡಿತು. ಈ ಬಾರಿ ಹಣ ಕಟ್ಟಿದೆ, ಆರ್ಡರ್ ಖಚಿತವಾಗಿದೆ ಎಂಬ ಸಂದೇಶವೂ ಬಂತು. ಮೂರನೆಯ ದಿನ, ಮಾರಾಟಗಾರರ ಕಡೆಯಿಂದ ಆರ್ಡರ್ ರದ್ದಾಗಿದೆ ಎಂಬ ಒಂದೇ ಒಂದು ಸಾಲು ಬಂತು. ಹಣ ವಾಪಸಾಯಿತು. ಆದರೆ ಅದೇ ಟಿವಿ ಅದೇ ತಾಣದಲ್ಲಿ ಈಗಲೂ 24,990 ರೂಪಾಯಿಗೆ ಮಾರಾಟಕ್ಕಿದೆ. ಹಣ ಬಂತಲ್ಲ, ಇನ್ನೇನು ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳುತ್ತಿದ್ದಾರೆ. ಇದು ದೂರು ಕೊಡುವಂಥ ವಿಷಯವೇ, ಅಥವಾ ನಾನೇ ಅತಿಯಾಗಿ ಬೇಸರಪಡುತ್ತಿದ್ದೇನೆಯೇ?

ಉತ್ತರ:

ನಮಸ್ಕಾರ ಮೇಡಂ. ನಿಮ್ಮ ಬೆಳಗಿನ ಅನುಭವ ಒಂದು, ಮಧ್ಯಾಹ್ನದ ಅನುಭವ ಇನ್ನೊಂದು. ಕಾನೂನಿನ ಕಣ್ಣಿಗೆ ಇವೆರಡೂ ಒಂದೇ ಅಲ್ಲ. ಕಾರ್ಟ್‌ಗೆ ವಸ್ತುವನ್ನು ಹಾಕಿದ ಮಾತ್ರಕ್ಕೆ ಆ ಬೆಲೆ ನಿಮಗಾಗಿ ಕಾದಿರಿಸಲ್ಪಟ್ಟಿತು ಎಂದಾಗುವುದಿಲ್ಲ. ಅಂಗಡಿಯ ಗಾಜಿನ ಹಿಂದೆ ಬೆಲೆಚೀಟಿ ಅಂಟಿಸಿದ ವಸ್ತುವನ್ನು ಇಟ್ಟಂತೆ ಅದು. ಕೊಳ್ಳಲು ಬನ್ನಿ ಎಂಬ ಆಹ್ವಾನವೇ ಹೊರತು ಒಪ್ಪಂದವಲ್ಲ. ಆದರೆ ಮಧ್ಯಾಹ್ನ ನೀವು ಹಣ ಕಟ್ಟಿದಿರಿ, ಅವರು ಅದನ್ನು ತೆಗೆದುಕೊಂಡು ಆರ್ಡರ್ ಖಚಿತವೆಂದು ತಿಳಿಸಿದರು. ಅಲ್ಲಿಂದ ಮುಂದಿನದು ಬರೀ ನಿರಾಶೆಯ ಮಾತಲ್ಲ. ಸರಕು ರವಾನೆಯಾದಾಗ ಮಾತ್ರ ಒಪ್ಪಂದ ಪೂರ್ಣವಾಗುತ್ತದೆ ಎಂದು ಅನೇಕ ತಾಣಗಳು ತಮ್ಮ ಷರತ್ತುಗಳಲ್ಲಿ ಬರೆದುಕೊಂಡಿರುತ್ತವೆ ಮತ್ತು ಆಯೋಗದ ಮುಂದೆ ಅದನ್ನೇ ವಾದಿಸುತ್ತವೆ. ಆ ವಾದ ಯಾವಾಗಲೂ ಗೆಲ್ಲುವುದಿಲ್ಲ. 2014ರಲ್ಲಿ ಒಡಿಶಾದ ಕಾನೂನು ವಿದ್ಯಾರ್ಥಿಯೊಬ್ಬರು 190 ರೂಪಾಯಿ ಎಂದು ತೋರಿಸಿದ್ದ ಲ್ಯಾಪ್‌ಟಾಪ್‌ಗೆ ಆರ್ಡರ್ ಮಾಡಿದ್ದರು. ಖಚಿತವಾದ ಮೇಲೆ ಅದನ್ನು ರದ್ದುಮಾಡಲಾಯಿತು. ಬೆಲೆ ತಪ್ಪಾಗಿ ನಮೂದಾಗಿತ್ತೆಂಬುದು ಎಂಥವರಿಗೂ ಹೊಳೆಯುವಂತಿದ್ದ ಆ ಪ್ರಕರಣದಲ್ಲಿಯೂ ಅಲ್ಲಿನ ರಾಜ್ಯ ಆಯೋಗವು 2021ರಲ್ಲಿ ಗ್ರಾಹಕರ ಪರವಾಗಿ ಪರಿಹಾರ ಕೊಡಿಸಿತು. ನಿಮ್ಮ ಟಿವಿಯ ಬೆಲೆಯಾದರೋ ಹಬ್ಬದ ಮಾರಾಟದಲ್ಲಿ ಯಾರೂ ನಂಬಬಹುದಾದ ಬೆಲೆ. ಅದು ಕಣ್ತಪ್ಪಿನಿಂದ ಆದದ್ದೆಂದು ಹೇಳುವುದು ಅವರಿಗೆ ಸುಲಭವಲ್ಲ.

ನಿಮ್ಮ ಬೇಸರ ಅತಿಯಾದದ್ದೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಇಂಥ ಮಾರಾಟದ ಮರುದಿನ ನನ್ನ ಬಳಿಗೆ ಬರುವವರಲ್ಲಿ ಕಳೆದುಕೊಂಡ ಹಣದ ಬಗ್ಗೆ ಮಾತನಾಡುವವರು ಕಡಿಮೆ. ಕೊಡುತ್ತೇವೆಂದು ತೋರಿಸಿ ಕಿತ್ತುಕೊಂಡರು ಎಂಬುದೇ ಹೆಚ್ಚಿನವರ ನೋವು. ಗಡಿಯಾರವನ್ನು ಎದುರಿಗಿಟ್ಟು, ಈ ದಿನ ಬಿಟ್ಟರೆ ಇಲ್ಲ ಎಂದು ಹೇಳಿ, ಜನರ ಹಬ್ಬದ ದಿನದ ಸಮಯವನ್ನು ಕೇಳಿ ಪಡೆದವರಿಗೆ ಆ ಸಮಯದ ಬಗ್ಗೆ ಹೊಣೆಯೂ ಇರಬೇಕು.

ಈ ದೇಶದಲ್ಲಿ ಇದರ ದೊಡ್ಡ ಪಾಠ ನಡೆದದ್ದು ನಮ್ಮ ಬೆಂಗಳೂರಿನ ಕಂಪನಿಯಿಂದಲೇ. 2014ರ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್ ತನ್ನ ಮೊದಲ 'ಬಿಗ್ ಬಿಲಿಯನ್ ಡೇ' ನಡೆಸಿತು. ಹತ್ತು ಗಂಟೆಗಳಲ್ಲಿ ಸುಮಾರು 600 ಕೋಟಿ ರೂಪಾಯಿಗಳ ವ್ಯಾಪಾರವಾಯಿತೆಂದು ಕಂಪನಿ ಪ್ರಕಟಿಸಿತು. ಅದೇ ಹೊತ್ತಿನಲ್ಲಿ ಪುಟಗಳು ತೆರೆಯುತ್ತಿಲ್ಲ, ಬೆಲೆಗಳು ಏರಿಳಿಯುತ್ತಿವೆ, ಕಣ್ಣೆದುರಿಗೇ ದಾಸ್ತಾನು ಮುಗಿಯುತ್ತಿದೆ, ಖಚಿತವಾದ ಆರ್ಡರ್‌ಗಳು ರದ್ದಾಗುತ್ತಿವೆ ಎಂಬ ದೂರುಗಳು ಹರಿದುಬಂದವು. ಮರುದಿನ ಸಂಸ್ಥಾಪಕರಾದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಗ್ರಾಹಕರಿಗೆ ಪತ್ರ ಬರೆದು ಕ್ಷಮೆ ಕೇಳಿದರು. ಸುಮಾರು 5,000 ಸರ್ವರ್‌ಗಳನ್ನು ಸಿದ್ಧಪಡಿಸಿ, ಇಪ್ಪತ್ತು ಪಟ್ಟು ಹೆಚ್ಚಿನ ದಟ್ಟಣೆಗೆ ತಯಾರಾಗಿದ್ದರೂ ಅದು ಸಾಲಲಿಲ್ಲ ಎಂದು ಒಪ್ಪಿಕೊಂಡರು. ಆಗ ವಾಣಿಜ್ಯ ಸಚಿವರಾಗಿದ್ದ ನಿರ್ಮಲಾ ಸೀತಾರಾಮನ್ ಅವರು, ಬಂದಿರುವ ದೂರುಗಳನ್ನು ಸರ್ಕಾರ ಪರಿಶೀಲಿಸುತ್ತದೆ ಎಂದರು. ಮುಂದಿನ ವರ್ಷ ಆ ಮಾರಾಟ ಒಂದು ದಿನದ ಬದಲು ಐದು ದಿನಗಳಿಗೆ ಹಿಗ್ಗಿತು. ಅಂದಿನ ಆ ಪತ್ರವನ್ನು ನಾನು ಗೌರವಿಸುತ್ತೇನೆ. ನಿಮಗೆ ಬಂದ ಒಂದು ಸಾಲಿನ ಸಂದೇಶದೊಡನೆ ಹೋಲಿಸಿದರೆ, ಏನು ತಪ್ಪಾಯಿತೆಂದು ಹೆಸರಿಟ್ಟು ಹೇಳುವ ಸೌಜನ್ಯವಾದರೂ ಅದರಲ್ಲಿತ್ತು.

ಈಗ ಕಾನೂನಿಗೆ ಬರೋಣ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೇ ಕಲಮು ಅನುಚಿತ ವ್ಯಾಪಾರ ಪದ್ಧತಿ ಎಂದರೇನೆಂದು ವಿವರಿಸುತ್ತದೆ. ಅಗ್ಗದ ಬೆಲೆಗೆ ಮಾರುತ್ತೇವೆಂದು ಜಾಹೀರಾತು ಕೊಟ್ಟು, ಆ ಬೆಲೆಗೆ, ಸಮಂಜಸವಾದ ಪ್ರಮಾಣದಲ್ಲಿ ಮತ್ತು ಸಮಂಜಸವಾದ ಅವಧಿಯವರೆಗೆ ಮಾರುವ ಉದ್ದೇಶವೇ ಇಲ್ಲದಿರುವುದು ಅದರೊಳಗೆ ಬರುತ್ತದೆ. ಇದೇನೂ ಹೊಸ ಮಾತಲ್ಲ. ಇಂಟರ್‌ನೆಟ್ ಇಲ್ಲದ ಕಾಲದಲ್ಲಿ, 1984ರಲ್ಲಿಯೇ, ಅಂದಿನ ಏಕಸ್ವಾಮ್ಯ ನಿಯಂತ್ರಣ ಕಾಯ್ದೆಗೆ ಮಾಡಿದ ತಿದ್ದುಪಡಿಯಲ್ಲಿ ಈ ವಿಚಾರ ಬಂದಿತ್ತು. 2022ರ ಜೂನ್‌ನಲ್ಲಿ ಹೊರಟ ದಾರಿತಪ್ಪಿಸುವ ಜಾಹೀರಾತುಗಳ ಮಾರ್ಗಸೂಚಿಯು ಇದನ್ನು ಇನ್ನಷ್ಟು ಬಿಡಿಸಿ ಹೇಳುತ್ತದೆ: ನಿರೀಕ್ಷಿಸಬಹುದಾದ ಬೇಡಿಕೆಗೆ ಸಾಕಾಗುವಷ್ಟು ಸರಕು ಇರಬೇಕು, ಇಲ್ಲದಿದ್ದರೆ ದಾಸ್ತಾನು ಸೀಮಿತವೆಂದು ಜಾಹೀರಾತಿನಲ್ಲಿಯೇ ಸ್ಪಷ್ಟವಾಗಿ ಹೇಳಿರಬೇಕು.

ಆದ್ದರಿಂದ ಇಂದೇ ಎರಡು ಕೆಲಸ ಮಾಡಿ. ಆರ್ಡರ್ ಖಚಿತವಾದ ಸಂದೇಶ, ಹಣ ಕಡಿತವಾದ ಬ್ಯಾಂಕ್ ವಿವರ, ರದ್ದಾದ ಸಂದೇಶ, ಮತ್ತು ಟಿವಿ ಈಗಲೂ ಮಾರಾಟಕ್ಕಿರುವ ಪುಟದ ಸ್ಕ್ರೀನ್‌ಶಾಟ್, ಇವನ್ನು ದಿನಾಂಕ ಕಾಣುವಂತೆ ಉಳಿಸಿಕೊಳ್ಳಿ. ಮೂಲ ಇಮೇಲ್‌ಗಳನ್ನು ಅಳಿಸಬೇಡಿ. ಬಳಿಕ ಆ ತಾಣದ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕಳುಹಿಸಿ. ಪ್ರತಿಯೊಂದು ತಾಣವೂ ಈ ಅಧಿಕಾರಿಯ ಹೆಸರು ಮತ್ತು ಸಂಪರ್ಕ ವಿವರವನ್ನು ಪ್ರಕಟಿಸಬೇಕೆಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ದೂರು ತಲುಪಿತೆಂದು 48 ಗಂಟೆಗಳಲ್ಲಿ ತಿಳಿಸುವುದೂ ಒಂದು ತಿಂಗಳೊಳಗೆ ಪರಿಹರಿಸುವುದೂ ಅವರ ಕರ್ತವ್ಯ. ದೂರಿನಲ್ಲಿ ಮಾರಾಟಗಾರರ ಹೆಸರನ್ನೂ ಬರೆಯಿರಿ. ಅವರ ವಿವರವನ್ನು ತಾಣವು ತೋರಿಸಲೇಬೇಕು.

ಪ್ರಶ್ನೆ: ದಾವಣಗೆರೆಯ ಎಲೆಕ್ಟ್ರಾನಿಕ್ಸ್ ಅಂಗಡಿಯ ಮಾಲೀಕರೊಬ್ಬರಿಂದ

ಸರ್, ನಮ್ಮ ಅಂಗಡಿಗೆ ಬರುವ ಗ್ರಾಹಕರು ಮೊಬೈಲ್‌ನಲ್ಲಿ ಟಿವಿಯೊಂದರ ಗೀಟೆಳೆದ ಎಂ.ಆರ್.ಪಿ. ತೋರಿಸಿ, ಆನ್‌ಲೈನ್‌ನವರು ಅರ್ಧ ಬೆಲೆಗೆ ಕೊಡುತ್ತಾರೆ, ನೀವೇಕೆ ಕೊಡುವುದಿಲ್ಲ ಎಂದು ಕೇಳುತ್ತಾರೆ. ಆ ಗೀಟೆಳೆದ ಬೆಲೆಗೆ ಆ ಟಿವಿಯನ್ನು ವರ್ಷದಲ್ಲಿ ಒಂದು ದಿನವೂ ಯಾರೂ ಮಾರಿರುವುದಿಲ್ಲ. ಇದು ಸರಿಯೇ?

ಉತ್ತರ:

ನಿಮ್ಮ ಪ್ರಶ್ನೆ ಬಹಳ ಮುಖ್ಯವಾದದ್ದು, ಏಕೆಂದರೆ ಗ್ರಾಹಕರು ಮೋಸಹೋದೆವೆಂದು ಸಿಟ್ಟಾಗುವುದು ಹೆಚ್ಚಾಗಿ ಇಲ್ಲಿಯೇ. ಎಂ.ಆರ್.ಪಿ. ಎಂದರೆ ಎಲ್ಲ ತೆರಿಗೆಗಳೂ ಸೇರಿ ಇದಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂಬ ಮೇಲಿನ ಮಿತಿ. ಅದು ಮಾರುಕಟ್ಟೆಯಲ್ಲಿ ನಡೆಯುವ ಬೆಲೆಯಲ್ಲ. ಪೆಟ್ಟಿಗೆಯ ಮೇಲೆ ನಿಜವಾಗಿ ಅಷ್ಟೇ ಮುದ್ರಿತವಾಗಿದ್ದರೆ ಅದಕ್ಕೆ ಗೀಟೆಳೆದು ತೋರಿಸುವುದನ್ನು ಸುಳ್ಳೆಂದು ಹೇಳಲಾಗದು. ಆದರೆ ನಾನು ಮೇಲೆ ಹೇಳಿದ ಕಲಮನ್ನು ಇನ್ನೊಮ್ಮೆ ಓದಿ. ಅಗ್ಗದ ಬೆಲೆ ಎಂದರೇನೆಂದು ಹೇಳುವಾಗ ಅದು ಹೋಲಿಸುವುದು ಎಂ.ಆರ್.ಪಿ.ಯೊಡನೆ ಅಲ್ಲ, ಆ ವಸ್ತು ಅಥವಾ ಅಂಥದ್ದೇ ವಸ್ತು ಸಾಮಾನ್ಯವಾಗಿ ಮಾರಾಟವಾಗುವ ಬೆಲೆಯೊಡನೆ. ಮಾರಾಟಕ್ಕೆ ಮುಂಚೆ ಬೆಲೆ ಏರಿಸಿ, ಆ ದಿನ ಇಳಿಸಿ ರಿಯಾಯಿತಿಯೆಂದು ತೋರಿಸಿದರೆ ಈ ಮಾತಿನ ಬಲದ ಮೇಲೆ ವಾದ ಮಾಡಬಹುದು. ಕಷ್ಟವಿರುವುದು ಸಾಕ್ಷ್ಯದಲ್ಲಿ. ಹಿಂದಿನ ವಾರದ ಬೆಲೆಯನ್ನು ಬರೆದಿಟ್ಟುಕೊಳ್ಳುವ ಗ್ರಾಹಕರು ಎಷ್ಟು ಮಂದಿ ಇದ್ದಾರೆ? ಐರೋಪ್ಯ ಒಕ್ಕೂಟದಲ್ಲಿ 2022ರ ಮೇ 28ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಬೆಲೆ ಇಳಿಸಿದ್ದೇವೆಂದು ಸಾರುವ ಅಂಗಡಿಯು ಅದಕ್ಕೆ ಹಿಂದಿನ ಕನಿಷ್ಠ 30 ದಿನಗಳಲ್ಲಿದ್ದ ಅತಿ ಕಡಿಮೆ ಬೆಲೆಯನ್ನೂ ತೋರಿಸಬೇಕು. ಅಂಥ ಒಂದು ಸಾಲು ನಮ್ಮ ನಿಯಮಗಳಲ್ಲಿಯೂ ಬರಬೇಕೆಂಬುದು ನನ್ನ ಬಹುದಿನದ ಆಗ್ರಹ.

ಇನ್ನೊಂದು ವಿಷಯವನ್ನೂ ನಿಮ್ಮ ಗ್ರಾಹಕರಿಗೆ ತಿಳಿಸಿ. 2025ರ ಸೆಪ್ಟೆಂಬರ್ 22ರಂದು, ನವರಾತ್ರಿ ಶುರುವಾದ ದಿನವೇ, 32 ಇಂಚಿಗಿಂತ ದೊಡ್ಡ ಟಿವಿಗಳು ಮತ್ತು ಎ.ಸಿ.ಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು. ತೆರಿಗೆ ಸೇರಿ 12,800 ರೂಪಾಯಿ ಇದ್ದ ವಸ್ತು ಇದರಿಂದಲೇ 11,800ಕ್ಕೆ ಬರಬೇಕು. ಇದು ಯಾವ ಮಾರಾಟಗಾರರೂ ಕೊಟ್ಟ ರಿಯಾಯಿತಿಯಲ್ಲ. ಹಳೆಯ ಬೆಲೆಯನ್ನು ಗೀಟೆಳೆದು ತೋರಿಸಿದಲ್ಲಿ ಈ ಭಾಗವನ್ನು ಕಳೆದು ನೋಡುವುದು ಗ್ರಾಹಕರಿಗೆ ಒಳ್ಳೆಯದು.

ಪ್ರಶ್ನೆ: ಹುಬ್ಬಳ್ಳಿಯ ಯುವಕರೊಬ್ಬರಿಂದ

ದೊಡ್ಡ ಅಕ್ಷರದಲ್ಲಿ ತೋರಿಸಿದ ಬೆಲೆ ಯಾವುದೋ ಒಂದು ಬ್ಯಾಂಕಿನ ಕಾರ್ಡ್ ಇದ್ದವರಿಗೆ ಮಾತ್ರ ಎಂದು ಕೊನೆಯಲ್ಲಿ ಗೊತ್ತಾಯಿತು. ಹೋಗಲಿ ಎಂದು 30,000 ರೂಪಾಯಿಯ ಟಿವಿಯನ್ನು ಆರು ತಿಂಗಳ 'ನೋ ಕಾಸ್ಟ್ ಇಎಂಐ'ನಲ್ಲಿ ತೆಗೆದುಕೊಂಡೆ. ಈಗ ಕಾರ್ಡ್ ಬಿಲ್ಲಿನಲ್ಲಿ ಬಡ್ಡಿ ಎಂದೂ ಅದರ ಮೇಲೆ ಜಿ.ಎಸ್.ಟಿ. ಎಂದೂ ಬಂದಿದೆ. ಇದು ಹೇಗೆ?

ಉತ್ತರ:

ಬಡ್ಡಿಯಿಲ್ಲದ ಸಾಲ ಎಂಬುದು ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲಿಯೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಈಗ ನಡೆಯುವ ಏರ್ಪಾಡಿನಲ್ಲಿ ಬ್ಯಾಂಕು ಬಡ್ಡಿ ಹಾಕುತ್ತದೆ, ಅಷ್ಟೇ ಮೊತ್ತವನ್ನು ಮಾರಾಟದ ಕಡೆಯವರು ಬೆಲೆಯಲ್ಲಿ ಮೊದಲೇ ಕಡಿಮೆ ಮಾಡುತ್ತಾರೆ. ವಾರ್ಷಿಕ ಶೇಕಡಾ 15ರ ಬಡ್ಡಿಯೆಂದು ಇಟ್ಟುಕೊಂಡರೆ, ನೀವು ತಿಂಗಳಿಗೆ 5,000ದಂತೆ ಆರು ತಿಂಗಳು ಕಟ್ಟುವಾಗ ನಿಮ್ಮ ನಿಜವಾದ ಸಾಲ ಸುಮಾರು 28,730 ರೂಪಾಯಿ, ಉಳಿದ 1,270 ಬಡ್ಡಿ. ಆ ಬಡ್ಡಿಯ ಮೇಲೆ ಶೇಕಡಾ 18ರಂತೆ ಸುಮಾರು 229 ರೂಪಾಯಿ ಜಿ.ಎಸ್.ಟಿ. ನಿಮ್ಮ ಕೈಯಿಂದಲೇ ಹೋಗುತ್ತದೆ. ಬ್ಯಾಂಕಿನ ಪ್ರಕ್ರಿಯಾ ಶುಲ್ಕವಿದ್ದರೆ ಅದು ಬೇರೆ. ಒಂದೇ ಸಲಕ್ಕೆ ಪೂರ್ತಿ ಹಣ ಕೊಟ್ಟವರಿಗೆ ಆ 1,270 ರೂಪಾಯಿಯ ಕಡಿತ ಸಿಗುವುದಿಲ್ಲ ಎಂಬುದು ನನಗೆ ಇನ್ನೂ ಹೆಚ್ಚು ಅನ್ಯಾಯವಾಗಿ ಕಾಣುತ್ತದೆ.

ಕಾರ್ಡಿನ ಷರತ್ತನ್ನು ಕೊನೆಯ ಪುಟದವರೆಗೆ ಅಡಗಿಸಿಟ್ಟಿದ್ದರೆ ಅದು ಆಕ್ಷೇಪಣೀಯ. ಗ್ರಾಹಕರನ್ನು ಸಿಕ್ಕಿಸುವ ಇಂಥ ತಂತ್ರಗಳನ್ನು ತಡೆಯಲು 2023ರ ನವೆಂಬರ್ 30ರ ಮಾರ್ಗಸೂಚಿಯು ಹದಿಮೂರು ವಿಧಗಳನ್ನು ಪಟ್ಟಿಮಾಡಿದೆ. ಬೆಲೆಯ ಭಾಗಗಳನ್ನು ಮೊದಲೇ ತಿಳಿಸದೆ ಒಂದೊಂದಾಗಿ ಸೇರಿಸುವುದೂ, ಒಂದನ್ನು ತೋರಿಸಿ ಇನ್ನೊಂದನ್ನು ಕೊಡುವುದೂ, ಎರಡೇ ಉಳಿದಿವೆ ಎಂಬಂಥ ಸುಳ್ಳು ಅವಸರವನ್ನು ಹುಟ್ಟಿಸುವುದೂ ಅದರಲ್ಲಿವೆ. ಆದರೆ ಬೆಲೆಯ ಪಕ್ಕದಲ್ಲಿಯೇ, ಚಿಕ್ಕದಾದರೂ ಓದಬಹುದಾದ ಅಕ್ಷರದಲ್ಲಿ, ಕಾರ್ಡಿನ ಹೆಸರು ಇದ್ದಿದ್ದರೆ ನಿಮ್ಮ ದೂರು ದುರ್ಬಲವಾಗುತ್ತದೆ ಎಂಬುದನ್ನೂ ಹೇಳಬೇಕು.

ಇಲ್ಲಿ ಒಂದು ವಿನಂತಿ. ನೀವು ಹಾಗೆ ಮಾಡಿದಿರೆಂದು ನಾನು ಹೇಳುತ್ತಿಲ್ಲ. ಆದರೆ ಮಾರಾಟದ ಮರುದಿನ ಸಹಾಯವಾಣಿಯಲ್ಲಿ ಕುಳಿತ ಹುಡುಗಿಯರ ಮೇಲೆ, ಬಾಗಿಲಿಗೆ ಪೆಟ್ಟಿಗೆ ತಂದ ಹುಡುಗರ ಮೇಲೆ ಬೀಳುವ ಬೈಗುಳಗಳನ್ನು ನಾನು ಕೇಳಿದ್ದೇನೆ. ಬೆಲೆಯನ್ನು ನಿಗದಿ ಮಾಡಿದವರು ಅವರಲ್ಲ. ಆ ಕರೆಯ ದಿನಾಂಕ, ಸಮಯ ಮತ್ತು ದೂರಿನ ಸಂಖ್ಯೆಯನ್ನು ಶಾಂತವಾಗಿ ಕೇಳಿ ಬರೆದುಕೊಂಡರೆ ಅದು ನಿಮಗೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮತ್ತೆ ಮೈಸೂರಿನ ಶಿಕ್ಷಕಿಯವರಿಂದ

ವಕೀಲರೇ, ನೀವು ಹೇಳಿದಂತೆ ಬರೆದೆ. ಎರಡು ದಿನದಲ್ಲಿ ಉತ್ತರ ಬಂದಿದೆ: ವಿಷಾದವಿದೆ, 500 ರೂಪಾಯಿಯ ಕೂಪನ್ ಕೊಡುತ್ತೇವೆ ಎಂದಿದ್ದಾರೆ. ಒಪ್ಪಿಕೊಳ್ಳಲೇ?

ಉತ್ತರ:

ಒಪ್ಪುವುದೂ ಬಿಡುವುದೂ ನಿಮ್ಮ ಇಚ್ಛೆ, ಮೇಡಂ. ಆದರೆ ಇದರಿಂದ ವಿವಾದ ಪೂರ್ಣವಾಗಿ ಇತ್ಯರ್ಥವಾಯಿತು ಎಂಬ ಸಾಲು ಆ ಪತ್ರದಲ್ಲಿದೆಯೇ ಎಂದು ನೋಡಿ. ಇದ್ದರೆ, ಕೂಪನ್ ಬಳಸಿದ ಮೇಲೆ ಮುಂದಿನ ದಾರಿ ಕಿರಿದಾಗುತ್ತದೆ. ನನ್ನ ಸಲಹೆ ಕೇಳುವುದಾದರೆ, ಕೂಪನ್ ಬೇಡ, ಖಚಿತಪಡಿಸಿದ ಬೆಲೆಗೇ ಆ ಟಿವಿಯನ್ನು ಕೊಡಿ, ಇಲ್ಲವೇ ಬೆಲೆಯ ವ್ಯತ್ಯಾಸವಾದ 5,991 ರೂಪಾಯಿ ಕೊಡಿ ಎಂದು ಮರಳಿ ಬರೆಯಿರಿ. ತಿಂಗಳೊಳಗೆ ಒಪ್ಪದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ದಾಖಲಿಸಿ; ಎಷ್ಟೋ ಪ್ರಕರಣಗಳು ಅಲ್ಲಿಯೇ ಮುಗಿಯುತ್ತವೆ. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕಂಪನಿಯ ಕಚೇರಿ ಎಲ್ಲಿಯೇ ಇರಲಿ, 2019ರ ಕಾಯ್ದೆಯಂತೆ ನೀವು ವಾಸಿಸುವ ಮೈಸೂರಿನಲ್ಲಿಯೇ ದೂರು ಸಲ್ಲಿಸಬಹುದು, ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಆನ್‌ಲೈನ್‌ನಲ್ಲಿಯೂ ಸಲ್ಲಿಸಬಹುದು. ವಕೀಲರನ್ನು ನೇಮಿಸಲೇಬೇಕೆಂದಿಲ್ಲ, ನೀವೇ ವಾದಿಸಬಹುದು. ಆರ್ಡರ್ ರದ್ದಾದ ದಿನದಿಂದ ಎರಡು ವರ್ಷಗಳ ಕಾಲಾವಕಾಶವಿದೆ. ಅವರ ಉತ್ತರ ಬಂದಾಗ ಅದರ ಪ್ರತಿಯನ್ನು ಇಲ್ಲಿ ಹಾಕಿ. ದೂರಿನ ಕರಡನ್ನು ಓದಿ ತಿದ್ದಿಕೊಡುತ್ತೇನೆ.