ಎಚ್‌ಎಎಲ್ ಇಟ್ಟುಕೊಳ್ಳಲಾ, ಮಾರಿ ರೋಲ್ಸ್ ರಾಯ್ಸ್ ತೆಗೆದುಕೊಳ್ಳಲಾ?

ಕಾಂಡಿಮೆಂಟ್ಸ್ ಅಕ್ಕ, ಕುವೆಂಪುನಗರ:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ನನ್ನದೊಂದು ಕಾಂಡಿಮೆಂಟ್ಸ್ ಅಂಗಡಿ ಇದೆ. ಕೋಡುಬಳೆ, ನಿಪ್ಪಟ್ಟು, ಚಟ್ನಿಪುಡಿ. ಮಧ್ಯಾಹ್ನ ಗಿರಾಕಿ ಕಡಿಮೆ ಇರುವಾಗ ಷೇರು ನೋಡುವ ಚಟ. ನನ್ನ ಹತ್ತಿರ ಇರುವುದರಲ್ಲಿ ದೊಡ್ಡ ಗಂಟು ಎಂದರೆ ವಿಮಾನ ಮಾಡುವ ಸರ್ಕಾರಿ ಕಂಪನಿ ಎಚ್‌ಎಎಲ್. 2023ರ ಸೆಪ್ಟೆಂಬರ್‌ನಲ್ಲಿ ಒಂದು ಷೇರು ಎರಡಾಯಿತಲ್ಲ, ಅದಕ್ಕೂ ಮುಂಚೆಯೇ ಕೊಂಡದ್ದು. 2024ರ ಜುಲೈನಲ್ಲಿ 5,600 ದಾಟಿದಾಗಲೂ ಮಾರಲಿಲ್ಲ. ಮುಂದಿನ ಮಾರ್ಚ್‌ನಲ್ಲಿ ಮೂರು ಸಾವಿರದ ಚಿಲ್ಲರೆಗೆ ಇಳಿದಾಗಲೂ ಮಾರಲಿಲ್ಲ. ದುಬೈ ಏರ್ ಶೋನಲ್ಲಿ ಇವರೇ ಮಾಡುವ ತೇಜಸ್ ಯುದ್ಧವಿಮಾನ ಬಿದ್ದು ಪೈಲಟ್ ತೀರಿಕೊಂಡಾಗ ಷೇರಿನ ಬೆಲೆ ನೋಡುವ ಮನಸ್ಸೇ ಬರಲಿಲ್ಲ.

ಈಗ ತಕರಾರು ತೆಗೆದಿರುವುದು ನನ್ನ ತಮ್ಮನ ಮಗ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ದಸರೆಗೆ ಬಂದವನು ಊಟಕ್ಕೆ ಕೂತಲ್ಲೇ ಶುರು ಮಾಡಿದ. "ಅತ್ತೆ, ಎಚ್‌ಎಎಲ್ ಎಂಜಿನ್ ಕಂಪನಿಯೇ ಅಲ್ಲ. ಯಾರೋ ಮಾಡಿದ ಎಂಜಿನ್ ತಂದು ಕೂರಿಸುತ್ತಾರೆ ಅಷ್ಟೇ. ನಿಜವಾದ ದುಡ್ಡು ಎಂಜಿನ್ ಮಾಡುವವರ ಹತ್ತಿರ ಇದೆ. ರೋಲ್ಸ್ ರಾಯ್ಸ್ 2020ರಲ್ಲಿ 40 ಪೆನ್ಸ್‌ಗಿಂತ ಕೆಳಗಿತ್ತು, 2025ರಲ್ಲಿ ಹತ್ತು ಪೌಂಡ್ ದಾಟಿತು. ಇದನ್ನು ಮಾರಿ ಅದನ್ನು ತೆಗೆದುಕೊಳ್ಳಿ" ಅಂತಾನೆ. ಫೋನ್ ಮಾಡಿದಾಗಲೆಲ್ಲ ಅದೇ ರಾಗ.

ನನಗೆ ಬೇಕಾಗಿರುವುದು ಇಷ್ಟೇ. ಎಚ್‌ಎಎಲ್ ಎಂಜಿನ್ ಮಾಡುತ್ತದೋ ಇಲ್ಲವೋ? ಯುದ್ಧವಿಮಾನಕ್ಕೆ ಹಾಕುವ ಅಮೆರಿಕದ ಜಿಇ ಕಂಪನಿಯ 414 ಎಂಜಿನ್ ಇಲ್ಲೇ ತಯಾರಾಗುತ್ತದೆ ಎಂದು ಹೇಳುತ್ತಲೇ ಇದ್ದಾರಲ್ಲ, ಅದರಿಂದ ನಮ್ಮಂಥ ಷೇರುದಾರರಿಗೆ ಏನಾದರೂ ಸಿಗುತ್ತದಾ? ದಯವಿಟ್ಟು ಚಾರ್ಟ್ ಬೇಡ. ಕೆಲಸ ಗೊತ್ತಿರುವವರು ಹೇಳಿ.

ಕ್ಯಾಂಡಲ್ ಗುರು:

ಮೇಡಂ, ಚಾರ್ಟ್ ಬೇಡ ಅಂದಿರಿ. ಆದರೂ ಒಂದೇ ಮಾತು. ಬೆಲೆ ಕಳೆದ 200 ದಿನದ ಸರಾಸರಿಯ ಕೆಳಗೆ ಹೋದರೆ ಅರ್ಧ ಮಾರಿ. ಎಂಜಿನ್ ಯಾರು ಮಾಡಿದರೆ ನಮಗೇನು, ಬೆಲೆಯಲ್ಲಿ ಎಲ್ಲವೂ ಇರುತ್ತದೆ.

ಹಳೇ ಟರ್ನರ್, ಹೆಬ್ಬಾಳ್:

ಗುರುಗಳೇ, ಎಲ್ಲವೂ ಬೆಲೆಯಲ್ಲಿ ಇದ್ದಿದ್ದರೆ 2018ರ ಮಾರ್ಚ್‌ನ ಐಪಿಒದಲ್ಲಿ (ಕಂಪನಿ ಮೊದಲ ಸಲ ಷೇರು ಮಾರುವುದು) 1,215 ರೂಪಾಯಿಗೆ ಕೊಟ್ಟಾಗ ಜನ ಕ್ಯೂ ನಿಲ್ಲಬೇಕಿತ್ತು. ನಮ್ಮಂಥ ಸಣ್ಣವರು ಮೂಸಿಯೂ ನೋಡಲಿಲ್ಲ. ಷೇರು ಒಡೆದ ಲೆಕ್ಕ ಹಿಡಿದರೆ ಅದು ಇವತ್ತಿನ 607 ರೂಪಾಯಿ ಚಿಲ್ಲರೆ.

ಮೇಡಂ, ನಾನು ಹೆಬ್ಬಾಳ್ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಯೂನಿಟ್‌ನಲ್ಲಿ ಲೇತ್ ಮೇಲೆ ನಿಂತು ರಿಟೈರ್ ಆದವನು. ವಿಮಾನದ ಎಂಜಿನ್‌ಗೆ ಹೋಗುವ ರಿಂಗು, ಬುಷ್ಷು ಮಾಡುತ್ತಿದ್ದೆವು. ಇಂಕೊನೆಲ್ 718 ಅಂತ ನಿಕ್ಕಲ್ ಮಿಶ್ರಲೋಹ. ಟೂಲ್ ಸ್ವಲ್ಪ ನಿಧಾನಿಸಿತೋ, ಅಲ್ಲೇ ಲೋಹ ಗಟ್ಟಿಯಾಗಿ ಟೂಲಿನ ಮೊನೆ ತಿಂದುಹಾಕುತ್ತದೆ. ಆ ಪೀಸು ಅಳತೆಗೆ ಬಂದರೆ ಸಾಲದು. ಕಡ್ಡಿ ಯಾವ ಹೀಟ್‌ನದು (ಕುಲುಮೆಯ ಯಾವ ಎರಕ), ಯಾವ ಆಪರೇಟರ್, ಯಾವ ಗೇಜು ಎಂದು ಪ್ರತಿಯೊಂದಕ್ಕೂ ಕಾಗದ ಬೇಕು. ಅಷ್ಟೆಲ್ಲ ಮಾಡಿದ ಮೇಲೂ ನಮಗೆ ಸಿಗುತ್ತಿದ್ದದ್ದು ಗಂಟೆ ಲೆಕ್ಕದ ಮೆಷಿನಿಂಗ್ ದರ. ಅದಕ್ಕೇ ಹೇಳುತ್ತೇನೆ, ಎಂಜಿನ್ ವ್ಯಾಪಾರದಲ್ಲಿ ಯಾರು ಮಾಡಿದರು ಎಂದು ಕೇಳಬೇಡಿ. ಡ್ರಾಯಿಂಗ್‌ನ ಬಲಗಡೆ ಕೆಳಮೂಲೆಯಲ್ಲಿ ಯಾರ ಹೆಸರಿದೆ ನೋಡಿ. ದುಡ್ಡು ಅವರದು.

ಹಾಗೆ ನೋಡಿದರೆ ನಿಮ್ಮ ಅಳಿಯ ಹೇಳಿದ್ದು ಅರ್ಧ ಸರಿ. ಎಚ್‌ಎಎಲ್ ಎಂಜಿನ್ ಮಾಡುತ್ತದೆ, ಇವತ್ತು ನಿನ್ನೆಯಿಂದ ಅಲ್ಲ. ಬೆಂಗಳೂರಿನ ಎಂಜಿನ್ ವಿಭಾಗ 1957ರಲ್ಲಿ ಆರ್ಫಿಯಸ್ ಎಂಜಿನ್ನಿಗಾಗಿ ಶುರುವಾದದ್ದು. ಜಾಗ್ವಾರ್ ಯುದ್ಧವಿಮಾನಕ್ಕೆ ಹಾಕುವ ಅಡೂರ್ ಎಂಜಿನ್, ಧ್ರುವ ಹೆಲಿಕಾಪ್ಟರ್‌ನ ಶಕ್ತಿ ಎಂಜಿನ್ ಎಲ್ಲ ಅಲ್ಲೇ. ಸುಖೋಯ್ ಯುದ್ಧವಿಮಾನದ ಎಎಲ್-31ಎಫ್‌ಪಿ ಒಡಿಶಾದ ಕೋರಾಪುಟ್‌ನಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ಈ ಎಂಜಿನ್ 240ಕ್ಕೆ ಆರ್ಡರ್ ಆಯಿತು, 26,000 ಕೋಟಿಗೂ ಜಾಸ್ತಿ. ವರ್ಷಕ್ಕೆ 30ರ ಲೆಕ್ಕದಲ್ಲಿ ಎಂಟು ವರ್ಷ ಕೊಡಬೇಕು. ಒಂದು ಎಂಜಿನ್ ನೂರು ಕೋಟಿ ದಾಟಿತು ನೋಡಿ. ಇದು ಸಣ್ಣ ಮಾತಲ್ಲ. ಆದರೆ ಮೂಲ ಡ್ರಾಯಿಂಗ್ ರಷ್ಯಾದ್ದು. ಶಕ್ತಿಯಲ್ಲಿ ಫ್ರಾನ್ಸಿನವರ ಪಾಲು. ತೇಜಸ್‌ನ ಎಫ್404 ಅಂತೂ ಪೂರ್ತಿ ಜಿಇಯದು, ಅಮೆರಿಕದ ಲಿನ್ ಎಂಬ ಊರಿನಿಂದ ಡಬ್ಬಿಯಲ್ಲೇ ಬರಬೇಕು.

ನಮ್ಮದೇ ಡ್ರಾಯಿಂಗ್ ಯಾಕಿಲ್ಲ ಅಂತ ಕೇಳುತ್ತೀರಿ. ಕಾವೇರಿ ಎಂಜಿನ್ 1989ರಲ್ಲಿ ಶುರುವಾಯಿತು. ಅದು ಎಚ್‌ಎಎಲ್‌ದಲ್ಲ, ರಕ್ಷಣಾ ಸಂಶೋಧನೆಯ ಡಿಆರ್‌ಡಿಒ ಕೆಳಗಿನ ಜಿಟಿಆರ್‌ಇ ಎಂಬ ಬೆಂಗಳೂರಿನ ಲ್ಯಾಬ್‌ದು. ತೂಕ ಜಾಸ್ತಿ ಆಯಿತು, ಬೇಕಾದಷ್ಟು ನೂಕುಬಲ ಬರಲಿಲ್ಲ, 2008ರಲ್ಲಿ ಅದನ್ನು ತೇಜಸ್‌ನಿಂದ ಬಿಡಿಸಿಟ್ಟರು. ಬೈಯುವುದು ಸುಲಭ. ಎಂಜಿನ್ನಿನ ಬಿಸಿ ಭಾಗದಲ್ಲಿ ಟರ್ಬೈನ್ ಬ್ಲೇಡ್ ತಿರುಗುತ್ತದಲ್ಲ, ಅದರ ಸುತ್ತ ಇರುವ ಅನಿಲದ ಶಾಖ ಆ ಬ್ಲೇಡ್ ಕರಗುವ ಶಾಖಕ್ಕಿಂತ ಜಾಸ್ತಿ! ಆದರೂ ಕರಗಬಾರದು. ಅದಕ್ಕೆ ಬ್ಲೇಡ್ ಒಳಗೆ ಟೊಳ್ಳು ಬಿಟ್ಟಿರುತ್ತಾರೆ, ಮೈಮೇಲೆ ಕೂದಲೆಳೆಯಂಥ ತೂತು ಕೊರೆದಿರುತ್ತಾರೆ. ಅದರಿಂದ ತಂಪು ಗಾಳಿ ಹೊರಗೆ ಬಂದು ಮೈ ಕಾಯುತ್ತದೆ. ಜೊತೆಗೆ ಇಡೀ ಬ್ಲೇಡ್ ಒಂದೇ ಹರಳಾಗಿ ಎರಕವಾಗಬೇಕು. ಹರಳುಗಳ ನಡುವೆ ಗೆರೆ ಇದ್ದರೆ ಬಿಸಿಯಲ್ಲಿ ಅಲ್ಲಿಂದಲೇ ಸೀಳು. ಈ ವಿದ್ಯೆಯನ್ನು ಯಾರೂ ಯಾರಿಗೂ ಸುಮ್ನೆ ಹೇಳಿಕೊಡುವುದಿಲ್ಲ. ನಾನಾಗಿದ್ದರೂ ಹೇಳಿಕೊಡುತ್ತಿರಲಿಲ್ಲ.

ಈಗ ರೋಲ್ಸ್ ರಾಯ್ಸ್. ಮೊದಲು ಒಂದು ಮಾತು, ಕಾರಿಗೂ ಇದಕ್ಕೂ ಸಂಬಂಧವಿಲ್ಲ. ಕಾರು ಈಗ ಬಿಎಂಡಬ್ಲ್ಯುದು. ಎಂಜಿನ್ ಕಂಪನಿ ಬದುಕುವುದು ಎಂಜಿನ್ ಮಾರಿ ಅಲ್ಲ, ಆಮೇಲಿನ ದುರಸ್ತಿಯಲ್ಲಿ. ಮಾರುವಾಗ ಲಾಭ ತೀರಾ ಕಡಿಮೆ, ಕೆಲವು ಸಲ ಕೈಯಿಂದಲೇ ಹೋಗುತ್ತದೆ. ಆಮೇಲೆ ಹಾರಿದ ಗಂಟೆಗೆ ಇಷ್ಟು ಎಂದು ಏರ್‌ಲೈನ್‌ನವರಿಂದ ವರ್ಷಗಟ್ಟಲೆ ವಸೂಲಿ. ವಿಮಾನ ಹಾರಿದರೆ ದುಡ್ಡು, ನಿಂತರೆ ಇಲ್ಲ. ಕೊರೊನಾದಲ್ಲಿ ಎಲ್ಲ ನಿಂತಿತು. 2020ರ ಕೊನೆಗೆ 32 ಪೆನ್ಸ್‌ಗೆ ಹೊಸ ಷೇರು ಕೊಟ್ಟು 200 ಕೋಟಿ ಪೌಂಡ್ ಎತ್ತಬೇಕಾಯಿತು, ಮೂರು ಇದ್ದವರಿಗೆ ಹತ್ತು ಹೊಸದು. ನಿಮ್ಮ ಅಳಿಯ ಹೇಳುವ 40 ಪೆನ್ಸ್ ಆ ಕಾಲದ್ದು. 2023ರಲ್ಲಿ ಬಂದ ಹೊಸ ಸಿಇಒ ತುಫಾನ್ ಎರ್ಗಿನ್‌ಬಿಲ್ಗಿಚ್ ಹಳೇ ಸರ್ವಿಸ್ ಒಪ್ಪಂದಗಳ ದರ ಏರಿಸಿದರು, ಖರ್ಚು ಹಿಡಿದರು, ದೂರದ ವಿಮಾನಗಳೂ ಮತ್ತೆ ಹಾರಿದವು. ಅದಾದ ಮೇಲಿನ ಬೆಲೆ ಈಗಿನದು. ಇದೇ ಕಂಪನಿ 1971ರಲ್ಲಿ ಆರ್‌ಬಿ211 ಎಂಜಿನ್ ಮಾಡುವ ಖರ್ಚಿಗೆ ದಿವಾಳಿಯಾಗಿ ಸರ್ಕಾರದ ಕೈಗೆ ಹೋಗಿತ್ತು ಎಂಬುದನ್ನೂ ಅವನಿಗೆ ಹೇಳಿ. ಡ್ರಾಯಿಂಗ್ ನಿಮ್ಮದಾದರೆ ನಷ್ಟವೂ ನಿಮ್ಮದೇ.

ಅಮೆರಿಕದ ಎಂಜಿನ್ ಕಂಪನಿ ಪ್ರ್ಯಾಟ್ ಅಂಡ್ ವಿಟ್ನಿ ನೋಡಿ. 2023ರಲ್ಲಿ ಲೋಹದ ಪುಡಿಯಲ್ಲಿ ಕಲ್ಮಶ ಇದೆಯೆಂದು ಜಿಟಿಎಫ್ ಎಂಜಿನ್‌ಗಳನ್ನು ರಾಶಿಗಟ್ಟಲೆ ಇಳಿಸಿ ತಪಾಸಣೆ ಮಾಡಬೇಕಾಯಿತು. ಇಂಡಿಗೋ ವಿಮಾನಗಳು ಸಾಲಾಗಿ ನಿಂತವು. (ನಮ್ಮ ಮಂಡಕಳ್ಳಿ ಏರ್‌ಪೋರ್ಟಿಗೆ ಬರುವ ಸಣ್ಣ ಎಟಿಆರ್ ವಿಮಾನದ್ದೂ ಪ್ರ್ಯಾಟ್ ಎಂಜಿನ್ನೇ, ಆದರೆ ಅದು ಕೆನಡಾದ ಬೇರೆ ಜಾತಿ. ಹೆದರಬೇಡಿ.)

ಎಚ್‌ಎಎಲ್‌ಗೂ ದುರಸ್ತಿ ದುಡ್ಡು ಇದೆ, ಜನ ಅದನ್ನೇ ಮರೆಯುತ್ತಾರೆ. ಈಚಿನ ವರ್ಷಗಳಲ್ಲಿ ಅದರ ವರಮಾನದಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಸ ವಿಮಾನದ್ದಲ್ಲ, ರಿಪೇರಿ, ಓವರ್‌ಹಾಲ್, ಬಿಡಿಭಾಗದ್ದು. ವಾಯುಪಡೆಯ ವಿಮಾನ ಹಳೆಯದಾದಷ್ಟೂ ಆ ಕೆಲಸ ಇರುತ್ತದೆ. ನಾನು ಇಟ್ಟುಕೊಂಡಿರುವುದು ಇದಕ್ಕೇ.

ಮದ್ದೂರು ಕಡೆಯವನು:

ಅಣ್ಣ ಚೆನ್ನಾಗಿ ಬರೆದಿದ್ದೀರಿ. ನನ್ನದು ಆರ್ಡರ್ ಬುಕ್, ಅಂದರೆ ಬಂದು ಇನ್ನೂ ಮುಗಿಯದ ಆರ್ಡರ್‌ಗಳ ಲೆಕ್ಕದ ಬಗ್ಗೆ ತಕರಾರು. ಟಿವಿಯವರು 1.89 ಲಕ್ಷ ಕೋಟಿ, 1.89 ಲಕ್ಷ ಕೋಟಿ ಎಂದು ಕೂಗಿದ್ದೇ ಕೂಗಿದ್ದು. ಅದು 2025ರ ಮಾರ್ಚ್ ಕೊನೆಯ ಲೆಕ್ಕ. ಅದರ ಮೇಲೆ ಸೆಪ್ಟೆಂಬರ್‌ನಲ್ಲಿ 97 ತೇಜಸ್‌ಗೆ 62,370 ಕೋಟಿಯ ಆರ್ಡರ್ ಬೇರೆ. ನಾನು ಕಬ್ಬು ಬೆಳೆಯುವವನು. ಗದ್ದೆಯಲ್ಲಿ ನಿಂತ ಕಬ್ಬನ್ನು ದುಡ್ಡು ಅಂತ ಎಣಿಸಿದರೆ ಮನೇಲಿ ಬೈತಾರೆ. ಕಟಾವಿಗೆ ಪರ್ಮಿಟ್ ಬರಬೇಕು, ಲಾರಿ ತೂಕದ ಸೇತುವೆ ಹತ್ತಬೇಕು, ಆಮೇಲೆ ಬಿಲ್ಲು. ಎಚ್‌ಎಎಲ್ ವರಮಾನ 2023-24ರಲ್ಲಿ 30,381 ಕೋಟಿ, ಮುಂದಿನ ವರ್ಷ 30,980 ಕೋಟಿ. ಆರ್ಡರ್ ಗುಡ್ಡದಷ್ಟು, ಬೆಳೆದದ್ದು ಶೇಕಡಾ ಎರಡು. ಯಾಕಂತೆ?

ಇನ್ನೊಂದು. ಮುಂದೆ ಬರಲಿರುವ ಎಎಂಸಿಎ ಎಂಬ ಯುದ್ಧವಿಮಾನದಲ್ಲಿ ಖಾಸಗಿಯವರೂ ಪೈಪೋಟಿಗೆ ಬರಬಹುದು ಎಂದು 2025ರ ಮೇನಲ್ಲಿ ರಕ್ಷಣಾ ಇಲಾಖೆ ಹೇಳಿತು. ಆ ವಿಮಾನದ ಹೊಸ ಎಂಜಿನ್ನಿಗೆ ಫ್ರಾನ್ಸಿನ ಸಫ್ರಾನ್ ಜೊತೆ ಹೋಗುತ್ತೇವೆ ಎಂದರು. ಎಲ್ಲವೂ ತಾನಾಗಿ ಎಚ್‌ಎಎಲ್ ಮನೆಗೆ ಬರುತ್ತಿದ್ದ ಕಾಲ ಮುಗಿಯಿತು, ಅಲ್ವಾ?

ಹಳೇ ಟರ್ನರ್, ಹೆಬ್ಬಾಳ್:

ಯಾಕೆ ಅಂದರೆ ತೇಜಸ್‌ಗೆ ಹಾಕುವ ಎಂಜಿನ್ ಬರಲಿಲ್ಲ, ಅದು ದೊಡ್ಡ ಕಾರಣ. 99 ಎಫ್404 ಎಂಜಿನ್‌ಗೆ 2021ರ ಆಗಸ್ಟ್‌ನಲ್ಲೇ 5,375 ಕೋಟಿಯ ಆರ್ಡರ್ ಹೋಯಿತು. ಹಿಂದೆ ನಾವು 65 ತೆಗೆದುಕೊಂಡಿದ್ದು 2016ಕ್ಕೆ ಮುಗಿದಿತ್ತು. ಮತ್ತೆ ಯಾರೂ ಕೇಳಲಿಲ್ಲವೆಂದು ಜಿಇಯವರು ಆ ಲೈನನ್ನೇ ನಿಲ್ಲಿಸಿಬಿಟ್ಟಿದ್ದರು. ಮತ್ತೆ ಶುರು ಮಾಡಿ, ಬಿಡಿಭಾಗದವರನ್ನು ಹುಡುಕಿ, ಮೊದಲನೆಯದು ಕೈಗೆ ಬಂದದ್ದು 2025ರ ಮಾರ್ಚ್‌ನಲ್ಲಿ. ನಿಂತ ಲೈನ್ ಎಬ್ಬಿಸುವುದು ಎಂದರೆ ಏನು ಎಂದು ಶಾಪ್‌ನಲ್ಲಿದ್ದವರಿಗೆ ಗೊತ್ತು. ಪೀಸು ಹಿಡಿಯುವ ಜಿಗ್ಗು ಇರುತ್ತದೆ, ಅದನ್ನು ಸೆಟ್ ಮಾಡುತ್ತಿದ್ದ ಮನುಷ್ಯ ರಿಟೈರ್ ಆಗಿರುತ್ತಾನೆ. 2025ರ ನವೆಂಬರ್‌ನಲ್ಲಿ ಇನ್ನೂ 113ಕ್ಕೆ ಸಹಿ ಹಾಕಿದ್ದಾರೆ, 2027ರಿಂದ 2032ರವರೆಗೆ ಕೊಡುವುದು. ಹಾಗಾಗಿ ಮೂರು ತಿಂಗಳಿಗೊಮ್ಮೆ ರಿಸಲ್ಟ್ ಬಂದಾಗ ನಾನು ಲಾಭ ಆಮೇಲೆ ನೋಡುತ್ತೇನೆ, ಎಷ್ಟು ಎಂಜಿನ್ ಬಂತು ಎಂದು ಮೊದಲು ಹುಡುಕುತ್ತೇನೆ.

ಖಾಸಗಿಯವರ ಬಗ್ಗೆ ನೀವು ಹೇಳಿದ್ದು ಒಪ್ಪಿದೆ. ಅಷ್ಟೇ ಅಲ್ಲ, ಕೊಳ್ಳುವವರೂ ಸರ್ಕಾರ, ಶೇಕಡಾ 71ಕ್ಕೂ ಜಾಸ್ತಿ ಷೇರು ಇರುವುದೂ ಸರ್ಕಾರದ್ದೇ. ದರ ಯಾರು ನಿಗದಿ ಮಾಡುತ್ತಾರೆ ಹೇಳಿ.

ಸೀಲು ಸಹಿ, ಬೋಗಾದಿ:

ನಾನು ತೆರಿಗೆ ಕೆಲಸ ಮಾಡುವವನು. ಅಕ್ಕ, ಹೊರದೇಶದ ಷೇರು ಕೊಂಡರೆ ಒಂದೇ ಷೇರಾದರೂ ಐಟಿ ರಿಟರ್ನ್‌ನ ಹೊರದೇಶದ ಆಸ್ತಿ ಬರೆಯುವ ಎಫ್‌ಎ ಶೆಡ್ಯೂಲ್‌ನಲ್ಲಿ ತೋರಿಸಬೇಕು. ಅದಕ್ಕೆ ಐಟಿಆರ್-1 ಎಂಬ ಸರಳ ಫಾರಂ ನಡೆಯುವುದಿಲ್ಲ. ವರ್ಷಕ್ಕೆ 10 ಲಕ್ಷ ದಾಟಿ ಕಳುಹಿಸಿದರೆ ದಾಟಿದ ಮೊತ್ತಕ್ಕೆ ಶೇಕಡಾ 20 ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡಿಯುತ್ತಾರೆ. ಆಮೇಲೆ ವಾಪಸ್ ಕೇಳಬಹುದು, ಆದರೆ ಅಲ್ಲಿಯವರೆಗೆ ದುಡ್ಡು ಕೂತಿರುತ್ತದೆ. ಇಲ್ಲಿ ಎಚ್‌ಎಎಲ್ ಮಾರಿದ ಲಾಭಕ್ಕೆ ದೀರ್ಘಾವಧಿ ತೆರಿಗೆ ಬೇರೆ, 1.25 ಲಕ್ಷ ಬಿಟ್ಟು ಉಳಿದದ್ದಕ್ಕೆ ಶೇಕಡಾ 12.5. ಇಷ್ಟೆಲ್ಲ ಕಳೆದು ಲೆಕ್ಕ ಹಾಕಲು ಅಳಿಯನಿಗೇ ಹೇಳಿ.

ಕಾಂಡಿಮೆಂಟ್ಸ್ ಅಕ್ಕ, ಕುವೆಂಪುನಗರ:

ಎಲ್ಲರಿಗೂ ಥ್ಯಾಂಕ್ಸ್. ಎಫ್‌ಎ ಶೆಡ್ಯೂಲ್ ಮಾತು ಹೇಳಿದ್ದಕ್ಕೆ ಅವನು ಫೋನ್‌ನಲ್ಲಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಅವನ ಆಫೀಸಿನವರು ಕೊಟ್ಟ ಅಮೆರಿಕದ ಷೇರು ಇದೆಯಂತೆ!

ಟರ್ನರ್ ಸರ್, 414ರ ಪ್ರಶ್ನೆ ಉಳಿಯಿತು. ಶೇಕಡಾ 80 ತಂತ್ರಜ್ಞಾನ ಕೊಡುತ್ತಾರೆ ಎಂದಿದ್ದರಲ್ಲ? ಹಾಗಾದರೆ ಡ್ರಾಯಿಂಗ್ ಮೂಲೆಯಲ್ಲಿ ನಮ್ಮ ಹೆಸರು ಬರುತ್ತದಾ?

ಹಳೇ ಟರ್ನರ್, ಹೆಬ್ಬಾಳ್:

ಬರುವುದಿಲ್ಲ. 2023ರ ಜೂನ್‌ನಲ್ಲಿ ಸಹಿ ಆದದ್ದು ತಿಳುವಳಿಕೆ ಪತ್ರ ಮಾತ್ರ. 2025 ಪೂರ್ತಿ ಮಾತುಕತೆಯಲ್ಲೇ ಹೋಯಿತು. ಎಂಬತ್ತು ಅಂದರೆ ಎಂಜಿನ್ ತಯಾರಿಕೆಯ ಕೆಲಸಗಳ ಲೆಕ್ಕ. ಬ್ಲೇಡ್ ಎರಕ, ಲೇಪನ, ಇಂಥವು ಎಷ್ಟು ಆಳಕ್ಕೆ ಸಿಗುತ್ತವೆ ಎಂಬುದೇ ಮುಖ್ಯ. ಹಾಗೆ ಮಾಡಲು ಕಲಿತರೂ ವಿನ್ಯಾಸ ಜಿಇಯದೇ ಇರುತ್ತದೆ. ಆದರೂ ನನಗೆ ಇದು ಬೇಕು. ಇಲ್ಲೇ ಮಾಡಿದರೆ ಇಲ್ಲೇ ಓವರ್‌ಹಾಲ್, ಒಂದೊಂದು ಎಂಜಿನ್ ದಶಕಗಟ್ಟಲೆ ಕೆಲಸ ಕೊಡುತ್ತದೆ. ಹಡಗಿನಲ್ಲಿ ಡಬ್ಬಿ ಬರಲಿ ಎಂದು ಕಾಯುವುದೂ ತಪ್ಪುತ್ತದೆ. ಹೆಸರು ಇಲ್ಲದಿದ್ದರೂ ಲೇತ್ ನಮ್ಮದು.

ಇನ್ನೊಂದು ಹೇಳಿಬಿಡುತ್ತೇನೆ, ಮೈಸೂರಿನವರಿಗೆ ಈ ಷೇರಿನ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಈ ಕಾರ್ಖಾನೆ ಕಟ್ಟುವಾಗ ಜಾಗವನ್ನೂ ಹಣವನ್ನೂ ಕೊಟ್ಟದ್ದು ನಮ್ಮ ಮೈಸೂರು ಸಂಸ್ಥಾನ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ. ಆ ಪ್ರೀತಿ ಇರಲಿ, ಆದರೆ ಎಷ್ಟು ದುಡ್ಡು ಹಾಕಬೇಕು ಎಂಬ ಲೆಕ್ಕದಲ್ಲಿ ಅದನ್ನು ಸೇರಿಸಬೇಡಿ. 2024-25ರ ಗಳಿಕೆ ಷೇರಿಗೆ ಸುಮಾರು 125 ರೂಪಾಯಿ, ಡಿವಿಡೆಂಡ್ 40. ನೀವು ಕೊಡುವ ಬೆಲೆಯನ್ನು 125ರಿಂದ ಭಾಗಿಸಿ ನೋಡಿ. ಮೂವತ್ತೈದರ ಮೇಲೆ ಹೋದರೆ ನಾನು ಕೈ ಕಟ್ಟಿ ಕೂರುತ್ತೇನೆ. ಮಾರುವುದೂ ಇಲ್ಲ, ಕೊಳ್ಳುವುದೂ ಇಲ್ಲ. ನಿಮ್ಮ ಗಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇದೊಂದೇ ಇದ್ದರೆ ಮಾತ್ರ ಸ್ವಲ್ಪ ಇಳಿಸಿ.

ಮದ್ದೂರು ಕಡೆಯವನು:

ಅಣ್ಣ, ಹೈದರಾಬಾದಿನ ಆಜಾದ್ ಎಂಜಿನಿಯರಿಂಗ್? ಅವರು ಬ್ಲೇಡ್‌ನೇ ಮಾಡುತ್ತಾರಂತಲ್ಲ, ರೋಲ್ಸ್ ರಾಯ್ಸ್‌ಗೂ ಕೊಡುತ್ತಾರಂತೆ.

ಹಳೇ ಟರ್ನರ್, ಹೆಬ್ಬಾಳ್:

ಕೊಡುತ್ತಾರೆ. ಕೆಲಸ ಗಟ್ಟಿ, ಷೇರಿನ ಬೆಲೆ ಇನ್ನೂ ಗಟ್ಟಿ. ಅದಕ್ಕೆ ಬೇರೆ ಥ್ರೆಡ್ ಹಾಕಿ, ಭಾನುವಾರ ಬರೆಯುತ್ತೇನೆ. ಇವತ್ತು ಮೊಮ್ಮಗಳ ಸ್ಕೂಲ್ ಬಸ್ ಬರುವ ಹೊತ್ತಾಯಿತು.