ಸ್ತನದ ಲಿಫ್ಟ್ ಜೊತೆಗೇ ಇಂಪ್ಲಾಂಟ್ ಹಾಕಿಸಬೇಕಾ, ಬರೀ ಲಿಫ್ಟ್ ಸಾಕಾ?

ತೊಗರಿನಾಡು (ಕಲಬುರಗಿ):

ನಮಸ್ಕಾರ್ರಿ. ವಯಸ್ಸು 38, ಇಬ್ಬರು ಮಕ್ಕಳು, ಮುಂದ ಬ್ಯಾಡ. ತೂಕ ಇಳದ ಮ್ಯಾಲ ಎದಿ ಜೋತು ಬಿದ್ದಾವ, ಮ್ಯಾಲಿನ ಭಾಗ ಖಾಲಿ ಕಾಣ್ತದ. ಈಗ ತೂಕ ಒಂದು ವರ್ಷದಿಂದ ಹಂಗೇ ನಿಂತದ. ಅಳತಿ ಹಿಂಗದ: ಗಂಟಲ ಬುಡದ ಕುಣಿಯಿಂದ ತೊಟ್ಟಿಗೆ 26 ಸೆಂ.ಮೀ., ತೊಟ್ಟು ಸ್ತನದ ಕೆಳಗಿನ ಮಡಿಕಿಗಿಂತ 2 ಸೆಂ.ಮೀ. ಕೆಳಗ. ಹೈದರಾಬಾದಿನ ಒಬ್ಬ ಸರ್ಜನ್ ಲಿಫ್ಟ್ (ಜೋತ ಎದಿ ಎತ್ತಿ ಹೊಲಿಯೋದು) ಮತ್ತ 325 ಸಿಸಿ ಇಂಪ್ಲಾಂಟ್ (ಒಳಗ ಇಡೋ ಸಿಲಿಕೋನ್ ಜೆಲ್ ಚೀಲ) ಒಂದೇ ಸಲ ಮಾಡೋಣ ಅಂತಾರ. ಸೊಲ್ಲಾಪುರದವರು ಮೊದಲು ಬರೀ ಲಿಫ್ಟ್, ಆಮ್ಯಾಲ ನೋಡೋಣ ಅಂತಾರ. ಯಾರ ಮಾತು ಹಿಡಿಯೋದು? ಬರೀ ಇಂಪ್ಲಾಂಟ್ ಹಾಕಿದ್ರ ತಾನೇ ಮ್ಯಾಲ ಏಳೋದಿಲ್ಲೇನ್ರಿ? ಮಕ್ಕಳ ಸಾಲಿ ರಜಾ ಏಪ್ರಿಲ್‌ನಾಗ, ಆವಾಗೇ ಮಾಡಿಸಿದ್ರ ನಡೀತದೇನು?

ಸೂಜಿದಾರ (ಪ್ಲಾಸ್ಟಿಕ್ ಸರ್ಜರಿ):

ಕೊನೆಯದರ ಹಿಂದಿನ ಪ್ರಶ್ನೆಯನ್ನೇ ಮೊದಲು ಮುಗಿಸುತ್ತೇನೆ. ಇಲ್ಲ, ನಿಮ್ಮ ಅಳತೆಗೆ ಬರೀ ಇಂಪ್ಲಾಂಟ್ ಎತ್ತುವುದಿಲ್ಲ. ತೊಟ್ಟು ಮಡಿಕೆಯ ಮಟ್ಟದಲ್ಲೋ ಮೇಲೋ ಇದ್ದವರಿಗೆ ಇಂಪ್ಲಾಂಟ್ ಒಂದರಿಂದ ಸ್ವಲ್ಪ ಎದ್ದಂತೆ ಕಾಣಬಹುದು. ಮಡಿಕೆಗಿಂತ 1ರಿಂದ 3 ಸೆಂ.ಮೀ. ಕೆಳಗಿದ್ದರೆ ಅದು ಎರಡನೇ ದರ್ಜೆಯ ಜೋಲು. ಅಂಥ ಕಡೆ ಇಂಪ್ಲಾಂಟ್ ಮೇಲೆ ಎದೆಗೂಡಿಗೆ ಅಂಟಿಕೊಂಡು ನಿಲ್ಲುತ್ತದೆ, ನಿಮ್ಮ ಸ್ವಂತ ಸ್ತನದ ಗ್ರಂಥಿ ಅದರ ಮುಂದಿನಿಂದ ಕೆಳಗೆ ಜಾರುತ್ತದೆ. ಪಕ್ಕದಿಂದ ನೋಡಿದರೆ ಎರಡು ಉಬ್ಬು. ಅದನ್ನು ಮುಚ್ಚಲು ಇನ್ನೂ ದೊಡ್ಡ ಇಂಪ್ಲಾಂಟ್ ಹಾಕಿದರೆ ಭಾರಕ್ಕೆ ಚರ್ಮ ಇನ್ನಷ್ಟು ಹಿಗ್ಗುತ್ತದೆ.

ಲಿಫ್ಟ್ ಸರಿಪಡಿಸುವುದು ಜಾಗವನ್ನು, ಇಂಪ್ಲಾಂಟ್ ಸರಿಪಡಿಸುವುದು ಗಾತ್ರವನ್ನು. ನಿಮಗೆ ಯಾವುದರ ಕೊರತೆ ಎಂದು ತಿಳಿಯಲು ಸರಿಯಾದ ಅಳತೆಯ, ಪ್ಯಾಡ್ ಇಲ್ಲದ ಬ್ರಾ ಹಾಕಿ ಕನ್ನಡಿ ಮುಂದೆ ನಿಲ್ಲಿ. ಕಪ್ ತುಂಬಿ, ಆ ಗಾತ್ರವೇ ಸಾಕೆನಿಸಿದರೆ ಲಿಫ್ಟ್ ಒಂದೇ ಸಾಕು. ಬ್ರಾ ಎತ್ತಿ ಹಿಡಿದರೂ ಕಪ್ಪಿನ ಮೇಲ್ಭಾಗ ಸುಕ್ಕಾಗಿ ಖಾಲಿ ಉಳಿದರೆ ಮಾತ್ರ ಇಂಪ್ಲಾಂಟಿನ ಮಾತು.

ಎರಡೂ ಒಟ್ಟಿಗೆ ಯಾಕೆ ಕಷ್ಟ? ದಿಂಬಿನ ಗಲೀಫು ಹೊಲಿದು ಬಿಗಿ ಮಾಡುತ್ತಲೇ ಒಳಗೆ ಇನ್ನಷ್ಟು ಹತ್ತಿ ತುರುಕಿದ ಹಾಗೆ: ಲಿಫ್ಟ್ ಚರ್ಮ ಕಡಿಮೆ ಮಾಡುತ್ತದೆ, ಇಂಪ್ಲಾಂಟ್ ಅದೇ ಚರ್ಮವನ್ನು ಹಿಗ್ಗಿಸುತ್ತದೆ. ಎಳೆತವೆಲ್ಲ ಹೊಲಿಗೆಯ ಮೇಲೆ. ಇನ್ನೊಂದು ರಕ್ತದ ಹರಿವಿನದು, ನನಗೆ ಇದೇ ದೊಡ್ಡದು. ಲಿಫ್ಟ್‌ನಲ್ಲಿ ತೊಟ್ಟನ್ನು ಕತ್ತರಿಸಿ ತೆಗೆಯುವುದಿಲ್ಲ, ಗ್ರಂಥಿಯ ಒಂದು ತುಂಡಿನ ಮೇಲೆ ಜೀವಂತವಾಗಿ ಉಳಿಸಿಕೊಂಡು ಮೇಲಕ್ಕೆ ಸರಿಸುತ್ತಾರೆ. ನಿಮಗೆ 4ರಿಂದ 5 ಸೆಂ.ಮೀ. ಸರಿಸಬೇಕಾಗುತ್ತದೆ. ಅದೇ ಗ್ರಂಥಿಯ ಹಿಂದೆ ಇಂಪ್ಲಾಂಟಿಗೆ ಜಾಗ ಬಿಡಿಸಿದಾಗ ಎದೆಗೂಡಿನಿಂದ ಬರುವ ಸಣ್ಣ ರಕ್ತನಾಳಗಳು ಹೋಗುತ್ತವೆ, ಮೇಲೆ ಇಂಪ್ಲಾಂಟಿನ ಒತ್ತಡ ಬೇರೆ. ಹರಿವು ಸಾಲದೆ ಹೋದರೆ ತೊಟ್ಟಿನ ಅಂಚು ಕಪ್ಪಾಗಿ ಸಾಯಬಹುದು. ಜೋಡಿ ಆಪರೇಷನ್‌ನಲ್ಲಿ ಇಂಪ್ಲಾಂಟಿನ ಮೇಲರ್ಧವನ್ನು ಸ್ನಾಯುವಿನ ಕೆಳಗಿಡುವುದಕ್ಕೆ ಇದೂ ಒಂದು ಕಾರಣ.

ತೊಟ್ಟಿನ ಸುತ್ತ ಮಾತ್ರ ಕೊಯ್ದು 'ಕಲೆ ಕಾಣದ ಲಿಫ್ಟ್' ಮಾಡುತ್ತೇನೆ ಎಂದು ಯಾರಾದರೂ ಅಂದರೆ ನಿಮ್ಮ ಅಳತೆಗೆ ಒಪ್ಪಬೇಡಿ. ಅದು 2 ಸೆಂ.ಮೀ.ವರೆಗಿನ ಕೆಲಸ. ಹೆಚ್ಚು ಎಳೆದರೆ ಸ್ತನ ಚಪ್ಪಟೆಯಾಗಿ ಕಪ್ಪು ವೃತ್ತ ಅಗಲವಾಗುತ್ತದೆ. ನಿಮಗೆ ವೃತ್ತದ ಸುತ್ತ ಮತ್ತು ಅಲ್ಲಿಂದ ನೆಟ್ಟಗೆ ಕೆಳಗೆ ಒಂದು ಗೆರೆ ಬೇಕು. ಚರ್ಮ ಬಹಳ ಸಡಿಲಿದ್ದರೆ ಮಡಿಕೆಯಲ್ಲಿ ಅಡ್ಡ ಗೆರೆಯೂ ಬರುತ್ತದೆ.

325 ಸಿಸಿ ನನಗೆ ಹೆಚ್ಚೆನಿಸುತ್ತದೆ. ಸಿಲಿಕೋನ್ ಜೆಲ್ ಅಂದಾಜು ಸಿಸಿಗೆ ಒಂದು ಗ್ರಾಂ, ಅಂದರೆ ಎರಡೂ ಕಡೆ ಸೇರಿ 650 ಗ್ರಾಂ, ಅದೂ ಆಗಲೇ ಒಮ್ಮೆ ಸೋತ ಚರ್ಮದ ಮೇಲೆ. ಆ ಅಂಕಿ ಎಲ್ಲಿಂದ ಬಂತು ಎಂದು ಕೇಳಿ. ಉತ್ತರ ನಿಮ್ಮ ಸ್ತನದ ಬುಡದ ಅಗಲದಿಂದ ಶುರುವಾಗಬೇಕು: ಅಗಲ 12.5 ಸೆಂ.ಮೀ. ಇದ್ದರೆ ಇಂಪ್ಲಾಂಟಿನದು ಅದಕ್ಕಿಂತ ಚೂರು ಕಡಿಮೆ. ಮೇಲ್ಭಾಗದ ಚರ್ಮ ಚಿವುಟಿದಾಗ ದಪ್ಪ 2 ಸೆಂ.ಮೀ.ಗಿಂತ ಕಡಿಮೆ ಬಂದರೆ ಸ್ನಾಯುವಿನ ಕೆಳಗೇ ಇಡಬೇಕು, ಇಲ್ಲದಿದ್ದರೆ ಅಂಚು, ಸುಕ್ಕು ಹೊರಗೆ ಕಾಣುತ್ತವೆ. ಟೇಬಲ್ ಮೇಲಿನ ಕ್ರಮವನ್ನೂ ಕೇಳಿ. ಮೊದಲು ಇಂಪ್ಲಾಂಟ್ ಇಟ್ಟು, ನಿಮ್ಮನ್ನು ಕೂತ ಭಂಗಿಗೆ ಎತ್ತಿ, ಚರ್ಮವನ್ನು ತಾತ್ಕಾಲಿಕವಾಗಿ ಪಿನ್ ಹಾಕಿ ನೋಡಿ, ಆಮೇಲೆ ಹೆಚ್ಚಿನ ಚರ್ಮ ಕತ್ತರಿಸುವವರು ಎಚ್ಚರದವರು. ಮೊದಲೇ ಪೂರಾ ಕತ್ತರಿಸಿಬಿಟ್ಟರೆ ಕೊನೆಗೆ ಹೊಲಿಗೆ ಕೂಡುವುದಿಲ್ಲ.

ಒಂದೇ ಸಲ ಮಾಡುವುದೇ ತಪ್ಪು ಅಂತಲ್ಲ. ಜೋಲು ಕಡಿಮೆ, ಇಂಪ್ಲಾಂಟ್ ಸಣ್ಣದು, ತಂಬಾಕಿಲ್ಲ ಅಂದರೆ ಒಂದೇ ಅರಿವಳಿಕೆಯಲ್ಲಿ ಮುಗಿಯುವುದು ಲಾಭವೇ. ಆದರೆ ಇವುಗಳಲ್ಲಿ ಒಂದನ್ನೇ ಮಾಡಿದ್ದಕ್ಕಿಂತ ಜೋಡಿಯಲ್ಲಿ ಮತ್ತೆ ಸರಿಪಡಿಸುವ ಪ್ರಸಂಗ ಹೆಚ್ಚು. ನಿಮ್ಮ ಅಳತೆ ನೋಡಿದರೆ ನಾನು ಸೊಲ್ಲಾಪುರದವರ ಕಡೆ. ಲಿಫ್ಟ್ ಆಗಿ ಊತ ಇಳಿದು 4ರಿಂದ 6 ತಿಂಗಳಾದ ಮೇಲೂ ಮೇಲ್ಭಾಗ ಖಾಲಿ ಅನಿಸಿದರೆ ಆಗ ಇಂಪ್ಲಾಂಟ್ ಹಾಕಿಸಬಹುದು. ಎಷ್ಟೋ ಜನರಿಗೆ ಆಗ ಅದು ಬೇಕೇ ಅನಿಸುವುದಿಲ್ಲ.

ಯಾರ ಹತ್ತಿರ ಹೋದರೂ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್‌.ಬಿ. ಪದವಿ ಇದೆಯೇ ನೋಡಿ. 'ಕಾಸ್ಮೆಟಾಲಜಿಸ್ಟ್' ಎಂಬ ಬೋರ್ಡು ಅದಕ್ಕೆ ಸಮವಲ್ಲ. ಚೆಂದಕ್ಕೆಂದು ಮಾಡಿಸುವ ಆಪರೇಷನ್ ವಿಮೆಗೆ ಬರುವುದಿಲ್ಲ, ಹಾಗಾಗಿ ಎರಡನೇ ಸಲ ಟೇಬಲ್ ಹತ್ತಬೇಕಾದರೆ ಥಿಯೇಟರ್, ಅರಿವಳಿಕೆ ಖರ್ಚು ಯಾರದು ಎಂದು ಮೊದಲೇ ಬರೆಸಿಕೊಳ್ಳಿ.

ಡ್ರೆಸ್ಸಿಂಗ್ ರೂಮು (ಯಾದಗಿರಿ):

ಅಕ್ಕಾರ, ಏಪ್ರಿಲ್ ಬ್ಯಾಡ್ರಿ. ನಮ್ಮ ಕಡಿ ಆಗಿನ ಬಿಸಲು ಗೊತ್ತೇ ಅದ, ಮ್ಯಾಲ ಕರೆಂಟ್ ಹೋಗ್ತದ. ಸರ್ಜಿಕಲ್ ಬ್ರಾ ಆರು ವಾರ ಹಗಲು ರಾತ್ರಿ ಹಾಕ್ಕೊಂಡೇ ಇರ್ಬೇಕು. ಒಳಗ ಬೆವರು ಕುಂತು ಮಡಿಕ್ಯಾಗ ಬೂಸ್ಟು ಹಿಡೀತದ, ಹೊಲಿಗಿ ನೆನದು ಬಿಚ್ಚಕೋತದ. ನವೆಂಬರ್‌ನಿಂದ ಜನವರಿ ಒಳಗ ಮಾಡಸ್ರಿ.

ಹೊಲಿಗಿ ಬಿಚ್ಚೋ ಜಾಗ ಹೆಚ್ಚಾಗಿ ಒಂದೇ: ನೆಟ್ಟನ ಗೆರಿ ಅಡ್ಡ ಗೆರಿಗೆ ಕೂಡೋ ಮೂಲಿ. ಎರಡು ಮೂರನೇ ವಾರದಾಗ ಅಲ್ಲಿ ಕಡ್ಲಿಕಾಳಿನಷ್ಟು ಬಾಯಿ ತೆರೀತದ. ಬರೀ ಲಿಫ್ಟ್ ಇದ್ರ ಡ್ರೆಸ್ಸಿಂಗ್ ಮಾಡ್ಕೋತ ಹೋದ್ರ ಮಾಯ್ತದ. ಒಳಗ ಇಂಪ್ಲಾಂಟ್ ಇದ್ರ ಮಾತ ಬ್ಯಾರೆ. ಸೋಂಕು ಅದರ ತನಕ ಮುಟ್ಟಿದ್ರ ಇಂಪ್ಲಾಂಟ್ ತೆಗೀಬೇಕಾಗ್ತದ, ಮತ್ತ ಹಾಕಲಿಕ್ಕೆ 3ರಿಂದ 6 ತಿಂಗಳು ಕಾಯಬೇಕು. ಹಂಗಾಗಿ ನೀರು ಸೋರೋದು ಕಂಡ್ರ ಅರಿಶಿಣ, ಪೌಡರ್ ಏನೂ ಹಚ್ಚದ ಫೋಟೋ ತೆಗದು ಸರ್ಜನ್ನಿಗೆ ಕಳಸ್ರಿ.

ತಂಬಾಕು ಅಂದ್ರ ಬೀಡಿ ಸಿಗರೇಟು ಅಷ್ಟೇ ಅಂತ ತಿಳ್ಕೊಂಡು 'ಇಲ್ಲ' ಅಂತಾರ. ಹಲ್ಲಿಗೆ ತಿಕ್ಕೋ ಮಿಶ್ರಿ, ಎಲಿ ಅಡಿಕಿ ಜೋಡಿ ಜರ್ದಾ, ಗುಟ್ಕಾ ಎಲ್ಲಾದರಾಗೂ ನಿಕೋಟಿನ್ ಅದ. ಅದು ಸಣ್ಣ ರಕ್ತನಾಳ ಬಿಗಿ ಹಿಡೀತದ, ಮ್ಯಾಲೆ ಸರ್ ಹೇಳಿದ ತೊಟ್ಟಿನ ತ್ರಾಸು ಅಲ್ಲೇ ಶುರು. ಮೊದಲು ಆರು ವಾರ, ಆಮ್ಯಾಲ ಆರು ವಾರ ಪೂರಾ ಬಂದ್. ಸಕ್ಕರಿ ಕಾಯಿಲಿ ಇದ್ರ ಹತೋಟಿಗೆ ತಂದೇ ಡೇಟ್ ಹಿಡೀರಿ. ಆಸ್ಪಿರಿನ್, ವಿಟಮಿನ್ ಇ, ಮೀನೆಣ್ಣಿ ಗುಳಿಗಿ, ನಾಟಿ ಔಷಧಿ ಏನೇ ತಗೋತಿದ್ರೂ ಹೇಳ್ರಿ, ರಕ್ತ ತೆಳು ಮಾಡುವಂಥವ ಸರ್ಜನ್ ಹೇಳಿದಷ್ಟು ದಿನ ಮೊದಲೇ ನಿಲ್ಲಸ್ಬೇಕಾಗ್ತದ.

ಮನಿ ಕೆಲಸ: ರೊಟ್ಟಿ ಬಡಿಯೋದು ಆರು ವಾರ ಬ್ಯಾಡೇ ಬ್ಯಾಡ. ಹಿಟ್ಟು ನಾದೋದು, ಬಡಿಯೋದು ಎರಡೂ ಎದಿ ಸ್ನಾಯುವಿನ ಕೆಲಸ, ಇಂಪ್ಲಾಂಟ್ ಅದರ ಕೆಳಗಿದ್ರ ಜಾಗ ಬಿಟ್ಟು ಸರೀತದ. ತುಂಬಿದ ಕೊಡ, ಕೂಸು, ಗ್ಯಾಸ್ ಸಿಲಿಂಡರ್ ಎತ್ತೋ ಹಂಗಿಲ್ಲ. 2 ಕಿಲೋ ಮ್ಯಾಲ ಏನೂ ಬ್ಯಾಡ. ತಲಿ ಕಡಿ ಎತ್ತರ ಮಾಡಿ ಬೆನ್ನಿನ ಮ್ಯಾಲೇ ಮಲಗ್ರಿ. ಮನ್ಯಾಗ ಇನ್ನೊಬ್ಬರ ಕೈ ಸಿಗೋದಾದ್ರ ಮಾತ್ರ ಡೇಟ್ ತಗೋರಿ.

ಹೈದರಾಬಾದ್ ಕಲಬುರಗಿಯಿಂದ 200 ಕಿ.ಮೀ. ದಾಟ್ತದ. ಮೊದಲ ಒಂದು ವಾರ ಆಸ್ಪತ್ರಿ ಸಮೀಪನೇ ರೂಮ್ ಮಾಡ್ರಿ. ಒಂದೇ ಕಡಿ ಸ್ತನ ತಾಸಿನೊಳಗ ಉಬ್ಬಿ ಬಿಗಿಯಾಗಿ ನೋವು ಜೋರಾದ್ರ ಒಳಗ ರಕ್ತ ತುಂಬಲಿಕತ್ತದ ಅಂತ ಅರ್ಥ, ಹೆಚ್ಚಾಗಿ ಮೊದಲ ಒಂದೆರಡು ದಿನದಾಗೇ ಆಗ್ತದ. ರಾತ್ರಿ ಆದ್ರೂ ಕಾಯಬ್ಯಾಡ್ರಿ. ತೊಟ್ಟು ನೀಲಿ ಕಪ್ಪಾದ್ರೂ ಅಷ್ಟೇ.

ಬೀದರ್ ಕ್ಷಕಿರಣ:

ಸ್ಕ್ಯಾನಿಂಗ್ ಕಡೆಯ ಮಾತು. ಆಪರೇಷನ್‌ಗೆ ಮೊದಲು ಅಲ್ಟ್ರಾಸೌಂಡ್ ಮಾಡಿಸಿ. 40ರ ಹತ್ತಿರದವರು, ತಾಯಿಗೋ ಅಕ್ಕತಂಗಿಗೋ ಸ್ತನ ಕ್ಯಾನ್ಸರ್ ಇದ್ದವರು ಮ್ಯಾಮೋಗ್ರಾಮ್ (ಸ್ತನದ ಎಕ್ಸ್‌ರೇ) ಬಗ್ಗೆಯೂ ಕೇಳಿ. ಫಿಲ್ಮು ಜೋಪಾನ, ಯಾಕೆಂದರೆ ಲಿಫ್ಟ್ ಆದ ಮೇಲೆ ಒಳಗಿನ ಕಲೆ, ಸತ್ತ ಕೊಬ್ಬು ಗಂಟಿನಂತೆಯೋ ಸುಣ್ಣದ ಚುಕ್ಕೆಯಂತೆಯೋ ಕಾಣುತ್ತವೆ. ಹಳೆಯದರ ಜೊತೆ ಹೋಲಿಸಿದರೆ ಬೇಡದ ಬಯಾಪ್ಸಿ ತಪ್ಪುತ್ತದೆ. ಇಂಪ್ಲಾಂಟ್ ಇದ್ದರೆ ಮ್ಯಾಮೋಗ್ರಾಮ್ ತೆಗೆಯುವ ಟೆಕ್ನಿಷಿಯನ್ನಿಗೆ ಮೊದಲೇ ಹೇಳಿ. ಅದನ್ನು ಹಿಂದಕ್ಕೆ ತಳ್ಳಿ ಹೆಚ್ಚುವರಿ ಚಿತ್ರ ತೆಗೆಯಬೇಕು, ನಾಲ್ಕರ ಬದಲು ಎಂಟಾಗುತ್ತದೆ.

ಇಂಪ್ಲಾಂಟ್ ಜೀವನಪೂರ್ತಿ ಬಾಳುವ ವಸ್ತುವಲ್ಲ, ಇದನ್ನು ಅಂಗಡಿಯವರೂ ಹೇಳುವುದಿಲ್ಲ, ಜಾಹೀರಾತೂ ಹೇಳುವುದಿಲ್ಲ. ಜೆಲ್ ತುಂಬಿದ ಇಂಪ್ಲಾಂಟ್ ಒಡೆದರೂ ಹೊರಗೆ ಗೊತ್ತಾಗದಿರಬಹುದು. ಅದಕ್ಕೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಲಹೆ: 5-6ನೇ ವರ್ಷಕ್ಕೆ ಮೊದಲ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ, ಆಮೇಲೆ 2-3 ವರ್ಷಕ್ಕೊಮ್ಮೆ. ಎಂಆರ್‌ಐ ಆದರೆ ಸ್ತನಕ್ಕೆಂದೇ ಇರುವ ಕಾಯಿಲ್ (ಸಿಗ್ನಲ್ ಹಿಡಿಯುವ ಭಾಗ) ಬೇಕು, ಸೆಂಟರ್‌ನಲ್ಲಿ ಇದೆಯೇ ಎಂದು ಫೋನ್ ಮಾಡಿಯೇ ಹೊರಡಿ.

ಇಂಪ್ಲಾಂಟಿನ ಮೇಲ್ಮೈ ನುಣುಪೋ ತರಿತರಿಯೋ ಕೇಳಿ. ಅಲರ್ಗಾನ್ ಕಂಪನಿಯ ಬಯೋಸೆಲ್ ತರಿ ಮೇಲ್ಮೈಯವನ್ನು 2019ರಲ್ಲಿ ಲೋಕದಾದ್ಯಂತ ವಾಪಸ್ ತೆಗೆದುಕೊಂಡರು, ಇಂಪ್ಲಾಂಟ್ ಸುತ್ತ ದೇಹ ಕಟ್ಟುವ ಪೊರೆಯಲ್ಲಿ ಬರುವ ಅಪರೂಪದ ಒಂದು ಲಿಂಫೋಮಾ (ಒಂದು ಬಗೆಯ ಕ್ಯಾನ್ಸರ್) ಕಾರಣ. ವರ್ಷಗಳ ನಂತರ ಒಂದು ಕಡೆ ದಿಢೀರ್ ನೀರು ತುಂಬಿ ಊದಿಕೊಂಡರೆ ಆ ನೀರನ್ನು ಈ ಲಿಂಫೋಮಾ ಪತ್ತೆಗೆ ಮಾಡುವ ಸಿಡಿ30 ಪರೀಕ್ಷೆಗೆ ಕಳಿಸಬೇಕು. ಸೀರಿಯಲ್ ನಂಬರ್ ಇರುವ ಕಾರ್ಡನ್ನು ಆಧಾರ್ ಜೊತೆಗೇ ಇಟ್ಟುಕೊಳ್ಳಿ.

ತೊಗರಿನಾಡು:

ಎಲ್ಲರಿಗೂ ಶರಣ್ರಿ. ಬ್ರಾ ಹಾಕಿ ನೋಡಿದೆ, ಕಪ್ ತುಂಬ್ತದ, ಮ್ಯಾಲ ಚೂರೇ ಖಾಲಿ. ಆ ಚೂರಿಗೆ ಇಂಪ್ಲಾಂಟ್ ಬಿಟ್ಟು ಬ್ಯಾರೆ ದಾರಿ ಅದನೇನ್ರಿ?

ಸೂಜಿದಾರ:

ಎರಡಿವೆ. ಲಿಫ್ಟ್ ಮಾಡುವಾಗ ಕೆಳಭಾಗದ ಗ್ರಂಥಿಯನ್ನು ಬಿಸಾಡದೆ ಮಡಚಿ ಮೇಲಕ್ಕೆ ಸೇರಿಸಿ ಎದೆಗೂಡಿಗೆ ಹೊಲಿಯುವುದು ಒಂದು. ಹೊರಗಿನ ವಸ್ತು ಇಲ್ಲ, ಖರ್ಚು ಹೆಚ್ಚಾಗದು, ಆದರೆ ಮೇಲಿನ ತುಂಬು ಕಾಲಕ್ರಮೇಣ ತಗ್ಗುತ್ತದೆ. ಇನ್ನೊಂದು ಹೊಟ್ಟೆ ಅಥವಾ ತೊಡೆಯ ಕೊಬ್ಬು ತೆಗೆದು ಮೇಲ್ಭಾಗಕ್ಕೆ ಚುಚ್ಚುವುದು, ಒಂದು ಕಡೆಗೆ 100ರಿಂದ 150 ಸಿಸಿ. ಅದರಲ್ಲಿ ಅರ್ಧದಷ್ಟು ಕರಗುವುದು ಮಾಮೂಲು. ಉಳಿದದ್ದು ಎಷ್ಟೆಂದು ಮೂರು ತಿಂಗಳಿಗೆ ತಿಳಿಯುತ್ತದೆ. ಒಂದೇ ಕಡೆ ಗುಡ್ಡೆ ಹಾಕಿದರೆ ರಕ್ತ ಸಿಗದೆ ಎಣ್ಣೆಗಂಟಾಗುತ್ತದೆ, ಹಾಗಾಗಿ ಸಣ್ಣ ಸಣ್ಣ ಎಳೆಯಾಗಿ ಹಲವು ಪದರದಲ್ಲಿ ಹಾಕಬೇಕು. ಈ ಕೆಲಸ ಅವರು ಮಾಡುತ್ತಾರೆಯೇ ಎಂದು ಸೊಲ್ಲಾಪುರದವರನ್ನು ಕೇಳಿ. ಮತ್ತೆ ತೂಕ ಇಳಿಸುವ ಯೋಚನೆ ಇದ್ದರೆ ಕೊಬ್ಬು ಚುಚ್ಚಿಸಬೇಡಿ, ಅದೂ ಇಳಿಯುತ್ತದೆ.