ಲೋಪಸಂದಿ

“ಇಲ್ಲೊಂದು ಸಹಿ ಹಾಕು” ಅಂತ ಅಧ್ಯಕ್ಷ ಕಾಗದವನ್ನು ನನ್ನ ಮೂಗಿಗೆ ಹಿಡಿದ.

ಅವನು ಯಾವ ಸಂಘಕ್ಕೂ ಅಧ್ಯಕ್ಷನಲ್ಲ. ಅರ್ಜಿ ಬರೆಯೋ ಚಟಕ್ಕೆ ನಾವೇ ಕೊಟ್ಟ ಬಿರುದು ಅದು. ಈ ಸಲದ ವಿಷಯ: ಅವನ ಮನೆಗೂ ಪಕ್ಕದ ಮನೆಗೂ ನಡುವೆ ಇರುವ ಕಾಲುದಾರಿಯನ್ನು ಶಾಶ್ವತವಾಗಿ ಮುಚ್ಚಬೇಕು. ಅಗಲ 3 ಮೀಟರ್, ಉದ್ದ 60 ಮೀಟರ್. ಎರಡೂ ಕಡೆ ಕಾಂಪೌಂಡ್ ಗೋಡೆ. ನಾವೆಲ್ಲ ಅದನ್ನು ಕರೆಯೋದು ‘ಸಂದಿ’ ಅಂತ. ನಾವು ದಿನಾ ಹರಟೆ ಹೊಡೆಯೋ ಬೆಂಚು ಆ ಸಂದಿಯ ಬಾಯಲ್ಲೇ ಇದೆ.

“ಅಂಥದ್ದೇನಾಯ್ತೋ?” ಅಂದೆ.

“ಏನಾಗಿಲ್ಲ ಅಂತ ಕೇಳು. ರಾತ್ರಿ ಹನ್ನೊಂದಕ್ಕೆ ಹುಡುಗರ ಕೇಕೆ. ಬೆಳಗ್ಗೆ ಎದ್ದರೆ ಬಾಟಲಿ ಚೂರು. ನಡೆಯೋ ದಾರಿಯಲ್ಲಿ ಬೈಕು ಬೇರೆ ನುಗ್ಗಿಸ್ತಾರೆ. ಮೊನ್ನೆ ಯಾರೋ ನನ್ನ ಗೋಡೆ ಮೇಲೆ ಹೃದಯದ ಚಿತ್ರ ಬರೆದು, ಬಾಣ ಚುಚ್ಚಿ, ‘ಫ್ರೀತಿ’ ಅಂತ ಬರೆದಿದ್ದಾರೆ.”

ಅಲ್ಲಿವರೆಗೆ ತೂಕಡಿಸುತ್ತಿದ್ದ ಮೇಷ್ಟ್ರು ಕಣ್ಣು ಬಿಟ್ಟರು. “ಪ್ರೀತಿಗೆ ಮಹಾಪ್ರಾಣವಾ? ಹಾಗಾದ್ರೆ ಮುಚ್ಚಲೇಬೇಕು. ಎಲ್ಲಿ ಪೆನ್ನು?”

ಲಾಯರಮ್ಮ ಕಾಗದ ಕಿತ್ತುಕೊಂಡರು. “ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳೋದಾ ಮೇಷ್ಟ್ರೇ? ಸ್ವಲ್ಪ ತಡೀರಿ.”

ಮೇಷ್ಟ್ರು ಮೂವತ್ತು ವರ್ಷ ವ್ಯಾಕರಣ ಪಾಠ ಮಾಡಿದವರು. ಸಂದಿ ಅಂದ್ರೆ ಅವರಿಗೆ ಸಂಧಿಯೇ ನೆನಪಾಗೋದು. “ನೋಡಿ, ಮೂರೇ ದಾರಿ. ಹೊರಗಿನವರು ಬರ್ತಾ ಇದ್ದರೆ ಆಗಮಸಂದಿ. ಮೇಲಿನವರು ಆರ್ಡರ್ ಮಾಡಿ ಗೇಟು ಹಾಕಿಸಿದರೆ ಆದೇಶಸಂದಿ. ಅಧ್ಯಕ್ಷ ಕೇಳ್ತಿರೋದು ಲೋಪಸಂದಿ. ಇದ್ದದ್ದನ್ನೇ ಇಲ್ಲ ಅನ್ನಿಸೋದು.”

“ಲೋಪ ಆದರೆ ನಷ್ಟ ಯಾರಿಗೆ ಅಂತ ನಾನು ಹೇಳ್ತೀನಿ” ಅಂತ ಸರ್ವೇಯರ್ ಜೇಬಿನಿಂದ ಟೇಪು ತೆಗೆದ. ನಿವೃತ್ತಿಯಾಗಿ ವರ್ಷಗಳಾದರೂ ಟೇಪು ಬಿಟ್ಟಿಲ್ಲ. “ಮನುಷ್ಯ ಗಂಟೆಗೆ ಹೆಚ್ಚುಕಮ್ಮಿ 5 ಕಿಲೋಮೀಟರ್ ನಡೀತಾನೆ. ನಿಮಿಷಕ್ಕೆ 80 ಮೀಟರ್ ಅಂತಿಟ್ಟುಕೊ. ಸಂದಿ ದಾಟೋಕೆ ಮುಕ್ಕಾಲು ನಿಮಿಷ. ಮುಚ್ಚಿದರೆ ಸುತ್ತುಬಳಸು 720 ಮೀಟರ್. ಒಂಬತ್ತು ನಿಮಿಷ.”

“ಒಂಬತ್ತು ನಿಮಿಷ ನಡೆದರೆ ಆರೋಗ್ಯಕ್ಕೆ ಒಳ್ಳೇದು” ಅಂದ ಅಧ್ಯಕ್ಷ.

“ನಿನ್ನ ಆರೋಗ್ಯಕ್ಕೆ ಅಲ್ವಾ? ನೀನು ಸುತ್ತು ಹೊಡಿ. ಮಂಡಿನೋವಿನವರು, ಗಾಲಿಕುರ್ಚಿಯವರು, ಹೆಗಲಿಗೆ ಬ್ಯಾಗು ಹಾಕಿದ ಮಕ್ಕಳು ಯಾಕೆ ಹೊಡೀಬೇಕು? ಇನ್ನೊಂದು ಮಾತು. ಬಸ್ ಸ್ಟಾಪು, ಶಾಲೆ ಅಂದ್ರೆ ಐದು ನಿಮಿಷದಲ್ಲಿ, ಅಂದ್ರೆ 400 ಮೀಟರಿನಲ್ಲಿ ಸಿಗಬೇಕು ಅಂತ ಊರು ಕಟ್ಟೋರು ಲೆಕ್ಕ ಹಾಕ್ತಾರೆ. ನಕ್ಷೆ ಮೇಲೆ ಸ್ಕೇಲಿಟ್ಟರೆ ನಿನ್ನ ಮನೆ ಬಸ್ ಸ್ಟಾಪಿಗೆ ಹತ್ತಿರಾನೇ. ಸಂದಿ ಮುಚ್ಚಿ ನೋಡು. ಸ್ಕೇಲು ಹೇಳೋದು ಒಂದು, ಕಾಲು ಹೇಳೋದು ಇನ್ನೊಂದು.”

ಅಧ್ಯಕ್ಷನೂ ಸುಮ್ನೆ ಬಂದವನಲ್ಲ, ಓದಿಕೊಂಡು ಬಂದಿದ್ದ. “ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಓಣಿಗಳಿಗೆ ಗೇಟು ಹಾಕಿದ ಮೇಲೆ ಮನೆಗಳ್ಳತನ ಇಳೀತು. ಗೊತ್ತಾ?”

“ಗೊತ್ತು” ಅಂದರು ಲಾಯರಮ್ಮ. “ಅವು ಹೆಚ್ಚಾಗಿ ಮನೆ ಸಾಲುಗಳ ಹಿತ್ತಿಲ ಓಣಿಗಳು. ಕಳ್ಳ ಹಿಂದಿನಿಂದ ನುಗ್ಗೋ ಜಾಗ. ಅಲ್ಲಿನ ಮನೆಯವರಿಗೆ ಗೇಟಿನ ಕೀಲಿ ಕೊಟ್ಟರು, ಮುಗೀತು. ನಿಮ್ಮದು ಈ ರಸ್ತೆಯಿಂದ ಆ ರಸ್ತೆಗೆ ಹಾಯೋ ದಾರಿ. ಕೀಲಿ ಯಾರ್‍ಯಾರಿಗೆ ಕೊಡ್ತೀರಿ?”

“ನಮ್ಮ ಬೀದಿಯವರಿಗೆ ಮಾತ್ರ.”

“ಕೇಕೆ ಹಾಕೋ ಹುಡುಗರು ಯಾವ ಬೀದಿಯವರು?”

ಅಧ್ಯಕ್ಷ ಉತ್ತರ ಕೊಡಲಿಲ್ಲ. ಅವನ ಮಗನ ದನಿ ನಮಗೆಲ್ಲ ಚೆನ್ನಾಗಿ ಗೊತ್ತು.

ಲಾಯರಮ್ಮ ಬಿಡಲಿಲ್ಲ. ವಕೀಲರಿಗೆ ಎದುರಾಳಿ ಸುಮ್ಮನಾದರೆ ಹುರುಪು ಜಾಸ್ತಿ. “ಇಂಗ್ಲೆಂಡು ಅಂದ್ರಲ್ಲ, ಅಲ್ಲಿ ಇದಕ್ಕೆ 2014ರ ಒಂದು ಕಾಯ್ದೆ ಇದೆ. ಇಂಥ ದಾರಿಗೆ ಅಡ್ಡ ಹಾಕೋ ಮುಂಚೆ ಅಕ್ಕಪಕ್ಕದವರಿಗೆ, ಅದನ್ನು ಬಳಸೋರಿಗೆ ಏನಾಗುತ್ತೆ ಅಂತ ಯೋಚಿಸಬೇಕು. ಅನುಕೂಲವಾದ ಬೇರೆ ದಾರಿ ಇದೆಯಾ ನೋಡಬೇಕು. ಇಷ್ಟೆಲ್ಲ ಆಗಿ ಆದೇಶ ಬಂದರೂ ಒಂದು ಸಲಕ್ಕೆ ಮೂರು ವರ್ಷ ಮಾತ್ರ. ಆಮೇಲೆ ಮುಂದುವರಿಸಬೇಕಾ ಅಂತ ಮತ್ತೆ ಕೇಳಬೇಕು.”

“ಮೂರು ವರ್ಷಕ್ಕೊಂದು ಅರ್ಜಿ!” ಮೇಷ್ಟ್ರು ತೊಡೆ ತಟ್ಟಿದರು. “ನಮ್ಮ ಅಧ್ಯಕ್ಷ ಹುಟ್ಟಬೇಕಾದ ದೇಶ ಅದು.”

ನನಗೂ ಏನಾದರೂ ಹೇಳಬೇಕು ಅನ್ನಿಸಿತು. ಇಲ್ಲದಿದ್ದರೆ ಇವರು ನನ್ನನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. “ಜೇನ್ ಜೇಕಬ್ಸ್ ಅಂತ ಒಬ್ಬ ಬರಹಗಾರ್ತಿ ಇದ್ದರು. ಬೀದಿಯ ಮೇಲೆ ಜನರ ಕಣ್ಣು ಇರಬೇಕು, ಆಗಲೇ ಅದು ಸುರಕ್ಷಿತ ಅಂತ 1961ರಲ್ಲೇ ಬರೆದರು. ಓಡಾಡೋರು ಕಮ್ಮಿಯಾದಷ್ಟೂ ಜಾಗ ಪುಂಡರಿಗೆ ಬಿಟ್ಟಂತೆ.”

“ಆಸ್ಕರ್ ನ್ಯೂಮನ್ ಅಂತ ಒಬ್ಬ ಆರ್ಕಿಟೆಕ್ಟ್ 1972ರಲ್ಲಿ ಬೇರೆ ಥರ ಹೇಳಿದ್ದಾನೆ” ಅಂತ ಅಧ್ಯಕ್ಷ ಎದ್ದು ನಿಂತ. ಓದಿಕೊಂಡು ಬಂದವನು ಅಂದೆನಲ್ಲ. “ಎಲ್ಲರದೂ ಆದ ಜಾಗ ಯಾರದೂ ಅಲ್ಲ. ನಮ್ಮದು ಅನ್ನಿಸಿದರೆ ಮಾತ್ರ ಜನ ಕಾಯ್ತಾರೆ.”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾಟಲಿ ಚೂರು ಗುಡಿಸೋನು ಅವನು, ದಾಟಿ ಹೋಗೋನು ನಾನು. ಅದನ್ನು ಒಪ್ಪಲೇಬೇಕು. ಹನ್ನೊಂದು ಗಂಟೆಗೆ ನಾನು ಹಾಸಿಗೆಯಲ್ಲಿ ಗೊರಕೆ ಹೊಡೀತಿರ್ತೀನಿ, ಅವನು ಕಿಟಕಿ ಹತ್ತಿರ ನಿಂತು ಹಲ್ಲು ಕಡೀತಿರ್ತಾನೆ.

ಸರ್ವೇಯರ್ ಅಷ್ಟರಲ್ಲಿ ಎದ್ದು ಹೋಗಿ ಗೋಡೆ ಅಳೆದು ಬಂದಿದ್ದ. “ಕಣ್ಣು ಇರಬೇಕು ಅಂದ್ಯಲ್ಲ, ಎಲ್ಲಿಂದ ಬರಬೇಕು? ಈ ಗೋಡೆ ಈಗ 2.4 ಮೀಟರ್ ಇದೆ. ಮೊದಲು ಎದೆ ಮಟ್ಟಕ್ಕಿತ್ತು. ಏರಿಸಿದ್ದು ಯಾರು?”

“ನಾನೇ” ಅಂದ ಅಧ್ಯಕ್ಷ. “ಹೋಗೋ ಬರೋರೆಲ್ಲ ಒಳಗೆ ಇಣುಕ್ತಿದ್ದರು.”

“ಅವರು ಇಣುಕ್ತಿದ್ದಾಗ ನೀನೂ ಅವರನ್ನ ನೋಡ್ತಿದ್ದೆ. ಈಗ ಅವರಿಗೆ ನೀನು ಕಾಣಲ್ಲ, ನಿನಗೆ ಅವರು ಕಾಣಲ್ಲ. ಬಾಟಲಿ ಒಡೆಯೋಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಪಕ್ಕದವರೂ ನಿನ್ನ ನೋಡಿ ಏರಿಸಿದರು. ದಾರಿ ಅದೇ ಕಣೋ, ಅದನ್ನು ಸಂದಿ ಮಾಡಿದ್ದು ನೀವಿಬ್ಬರು.”

“ಒಂದು ಲೈಟು ಹಾಕಿಸಿ. ಬೈಕು ನುಗ್ಗದ ಹಾಗೆ ಬಾಯಲ್ಲಿ ಕಂಬ ನೆಡಿಸಿ” ಅಂದರು ಲಾಯರಮ್ಮ. “ಗಾಲಿಕುರ್ಚಿ ಹೋಗೋಷ್ಟು ಜಾಗ ಬಿಟ್ಟು.”

“ಲೈಟು ನನ್ನ ಮಲಗೋ ಕೋಣೆಗೆ ಬೀಳುತ್ತೆ.”

“2.4 ಮೀಟರ್ ಗೋಡೆ ಏನು ಮಾಡ್ತಿದೆ?”

ಅಧ್ಯಕ್ಷ ಸೋಲೋ ಹಂತಕ್ಕೆ ಬಂದಿದ್ದ. ಸರ್ವೇಯರ್ ಅಲ್ಲಿಗೇ ಬಿಡಬಹುದಿತ್ತು. ಆದರೆ ಟೇಪು ಹಿಡಿದ ಕೈ ಸುಮ್ನಿರುವುದಿಲ್ಲ. “ಸರಿ, ಮುಚ್ಚಿದರು ಅಂತಾನೇ ಇಟ್ಟುಕೊ. ಆ ಜಾಗ ಏನಾಗುತ್ತೆ?”

ಅಧ್ಯಕ್ಷನ ಮುಖ ಅರಳಿತು. ಅರ್ಜಿಯ ಅಸಲಿ ಪುಟ ಈಗ ತೆರೆಯಿತು ಅಂದುಕೊಂಡೆ. “ಅಕ್ಕಪಕ್ಕದವರಿಗೆ ಅರ್ಧರ್ಧ ಮಾರಬಹುದಂತೆ. ನನಗೆ ಒಂದೂವರೆ ಮೀಟರ್, ಪಕ್ಕದವರಿಗೆ ಒಂದೂವರೆ ಮೀಟರ್. ಅವರೂ ಒಪ್ಪಿದ್ದಾರೆ. ನೋಡು, ಮೊದಲ ಸಹಿ ಅವರದೇ.”

“ಕೆಳಗೆ ಏನಿದೆ ನೋಡಿದ್ದೀರಾ ಇಬ್ಬರೂ? ಒಳಚರಂಡಿ ಪೈಪು, ನೀರಿನ ಪೈಪು. ಅದರ ಮೇಲೆ ಕಟ್ಟೋ ಹಾಗಿಲ್ಲ. ರಿಪೇರಿಯವರು ಬಂದರೆ ದಾರಿ ಬಿಡಬೇಕು ಅಂತ ಪತ್ರದಲ್ಲೇ ಬರೆಸ್ತಾರೆ. ಇಲ್ಲಾ ಪೈಪನ್ನ ಬೇರೆ ಕಡೆಗೆ ತಿರುಗಿಸೋ ಖರ್ಚು ನಿಮ್ಮ ತಲೆಗೆ ಬರುತ್ತೆ.”

“ಕಟ್ಟಲ್ಲ ಮಾರಾಯ, ಗಿಡ ಹಾಕ್ತೀನಿ.”

“ಹಾಕು. ಆದರೆ ಸರಿಯಾಗಿ ನಟ್ಟನಡುವೆ ಮ್ಯಾನ್‌ಹೋಲ್ ಇದೆಯಲ್ಲ, ಅದು ಯಾರ ಪಾಲು?”

ಅಧ್ಯಕ್ಷ ಸಂದಿಯೊಳಗೆ ಹೋದ. ಮ್ಯಾನ್‌ಹೋಲಿನ ಮೇಲೆ ನಿಂತು ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡಿದ. ಅರ್ಜಿ ಮಡಚಿ ಜೇಬಿಗಿಟ್ಟುಕೊಂಡು ಮನೆ ಕಡೆ ನಡೆದ.

“ಲೋಪ ತಪ್ಪಿತು” ಅಂತ ಮೇಷ್ಟ್ರು ಮತ್ತೆ ಕಣ್ಣು ಮುಚ್ಚಿದರು.

ಮೂರು ದಿನ ಬಿಟ್ಟು ಅಧ್ಯಕ್ಷ ಹೊಸ ಕಾಗದ ತಂದ. ವಿಷಯ: ಮ್ಯಾನ್‌ಹೋಲನ್ನು ಒಂದು ಮೀಟರ್ ಪೂರ್ವಕ್ಕೆ ಸರಿಸಿಕೊಡುವ ಬಗ್ಗೆ. ಪೂರ್ವಕ್ಕೆ ಇರೋದು ಪಕ್ಕದ ಮನೆ. ಈ ಸಲ ಮೊದಲ ಸಹಿಯ ಜಾಗ ಖಾಲಿ ಇತ್ತು.